ಬಾಯಿ ಸತ್ತ ಗಾಡಿ

ನಾನು ಬಾಯಿ ಸತ್ತವನು ಎಂಬುದು ನಮ್ಮ ಮನೆಯಲ್ಲೂ ಕಾಲೇಜಿನಲ್ಲೂ ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿಲ್ಲದ್ದು ಇಷ್ಟೇ: ಕಾರು ಕೊಂಡ ಮೇಲೆ ನಾನು ಹಾಗೆ ಉಳಿದಿರಲಿಲ್ಲ. ರಾಯಚೂರಿನ ಮನೆಯಿಂದ ದೇವದುರ್ಗಕ್ಕೆ ಪಾಠ ಹೇಳಲು ಹೋಗಿಬರುವ ದಾರಿಯಲ್ಲಿ ನಾನು ಪಕ್ಕಾ ಜಗಳಗಂಟ. ಸ್ಟಾಫ್ ರೂಮಿನಲ್ಲಿ ನುಂಗಿಕೊಂಡ ಮಾತನ್ನೆಲ್ಲ ಗಬ್ಬೂರು ದಾಟುವುದರೊಳಗೆ ಯಾವುದಾದರೂ ಟ್ರ್ಯಾಕ್ಟರಿನ ಬೆನ್ನಿಗೆ ಪೀಂ ಎಂದು ಬಾರಿಸಿ ಹಗುರಾಗುತ್ತಿದ್ದೆ. ಪ್ರಿನ್ಸಿಪಾಲರಿಗೆ ಹೇಳಬೇಕಾದ್ದನ್ನು ಎಷ್ಟೋ ಸಲ ಕುರಿ ಹಿಂಡಿಗೆ ಹೇಳಿದ್ದೇನೆ. ಕುರಿಗಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ.

ಆ ಹಾರನ್ ಒಂದು ಬೆಳಿಗ್ಗೆ ಸತ್ತುಹೋಯಿತು. ಕೆಮ್ಮಲಿಲ್ಲ, ಗೊರಗೊರ ಎನ್ನಲಿಲ್ಲ. ಹಿಂದಿನ ದಿನ ಕೂಗಿದ್ದು ಇವತ್ತು ಒತ್ತಿದರೆ ಸುಮ್ಮನಿತ್ತು. ಇನ್ನೊಮ್ಮೆ ಒತ್ತಿದೆ, ಗುದ್ದಿದೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಾನೇ ಬಾಯಲ್ಲಿ ಒಮ್ಮೆ ಪೀಂ ಎಂದೆ. ಮುಂದಿದ್ದ ಎಮ್ಮೆ ಮಾತ್ರ ತಿರುಗಿ ನೋಡಿತು. ಆದರೆ ದಾರಿ ಬಿಡಲಿಲ್ಲ.

ಚರಿತ್ರೆಯ ಮೇಷ್ಟ್ರಾದ ನನಗೆ ಯಾವ ಕಷ್ಟ ಬಂದರೂ ಅದರ ಪೂರ್ವಜರು ನೆನಪಾಗುತ್ತಾರೆ. ಹಳೆಯ ಕಾಲದ ದೊರೆ ಬೀದಿಗಿಳಿದರೆ ಮುಂದೆ ಕೊಂಬು ಊದುವವರು, ಕಹಳೆಯವರು. ಪಲ್ಲಕ್ಕಿಯ ಮುಂದೆ ದಾರಿ ಬಿಡಿಸುವವರು. ಊರಿಗೊಂದು ಸುದ್ದಿ ಮುಟ್ಟಿಸಬೇಕೆಂದರೆ ಡಂಗುರ. ರೈತನ ಬಂಡಿಗೆ ಎತ್ತಿನ ಕೊರಳ ಗಂಟೆಯೇ ಸಾಕಿತ್ತು. ಅಂದರೆ ಒಬ್ಬ ಮನುಷ್ಯ ಸುಮ್ಮನೆ ಕೂತಿರಬೇಕು, ಅವನ ಪರವಾಗಿ ಬೇರೆ ಯಾರೋ ಬಾಯಿ ಮಾಡಬೇಕು ಎನ್ನುವ ಏರ್ಪಾಡು ಬಹಳ ಹಳೆಯದು. ನಮ್ಮಪ್ಪ, ಅವರಪ್ಪ ಕಂಡವರ ಹೊಲದಲ್ಲಿ ಕೂಲಿ ಮಾಡಿದವರು. ಅವರ ಪರವಾಗಿ ಯಾರೂ ಏನನ್ನೂ ಊದಿರಲಿಲ್ಲ. ನಮ್ಮ ವಂಶದಲ್ಲಿ ಮೊದಲ ಸಲ ಅಂಥದೊಂದು ಸೌಕರ್ಯ ನನ್ನ ಅಂಗೈ ಕೆಳಗೆ ಬಂದಿತ್ತು, ಅದೂ ಕೈಕೊಟ್ಟಿತು.

ಇಷ್ಟೇ ಆಗಿದ್ದರೆ ನಗಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಹಾರನ್ ನಗುವ ವಿಷಯವಲ್ಲ.

ನನ್ನ ಹೆಂಡತಿ ಮಹಾದೇವಿಯ ತವರು ಮಾನ್ವಿ. ಅವಳ ಒಬ್ಬನೇ ತಮ್ಮ ಶರಣು ಮಾನ್ವಿ ರಸ್ತೆಯಲ್ಲಿ ಬೈಕಿನ ಮೇಲೆ ಬರುತ್ತಿದ್ದಾಗ ಹತ್ತಿ ತುಂಬಿದ ಟ್ರ್ಯಾಕ್ಟರೊಂದನ್ನು ದಾಟಲು ಹೋದ. ಟ್ರ್ಯಾಕ್ಟರಿನವನು ಹಾಡು ಜೋರಾಗಿ ಹಚ್ಚಿಕೊಂಡಿದ್ದ, ಅದೇ ಹೊತ್ತಿಗೆ ಬಲಕ್ಕೆ ಸರಿದ. ಶರಣು ಅಲ್ಲೇ ತೀರಿಹೋದ. ಮಾತಾಡಿಸಲು ಬಂದವರನ್ನೆಲ್ಲ ಮಹಾದೇವಿ ಕೇಳಿದ್ದು ಒಂದೇ ಪ್ರಶ್ನೆ: ‘‘ಅವ ಹಾರನ್ ಹೊಡ್ದಿದ್ನಂತೇನ್ರೀ?’’ ಯಾರಿಗೆ ಗೊತ್ತು? ಕೆಲವರು ಹೊಡೆದಿದ್ದ ಎಂದರು, ಕೆಲವರು ಸುಮ್ಮನೆ ನೆಲ ನೋಡಿದರು. ಅವಳಿಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಅಂದಿನಿಂದ ಅವಳು ಮಾನ್ವಿಗೆ ನನ್ನ ಕಾರಿನಲ್ಲಿ ಬಂದಿಲ್ಲ. ಸರಕಾರಿ ಬಸ್ಸೇ ಆಗಬೇಕು. ಬಸ್ಸಿನ ಹಾರನ್ ದೊಡ್ಡದು, ಸತ್ತವರೂ ಎದ್ದು ದಾರಿ ಬಿಡುತ್ತಾರೆ ಎನ್ನುತ್ತಾಳೆ. ನನ್ನನ್ನು ಮಾತ್ರ ದಿನಾ ಕಾರಿನಲ್ಲಿ ಕಳಿಸಲೇಬೇಕಲ್ಲ. ಅದಕ್ಕೆ ಅವಳು ಕಂಡುಕೊಂಡ ಧೈರ್ಯ ಅಮಾವಾಸ್ಯೆಯ ಪೂಜೆ. ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಲಾರಿಯಿಂದ ಹಿಡಿದು ತಳ್ಳುಗಾಡಿಯವರೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ, ನಿಂಬೆಹಣ್ಣು, ಒಂದು ತೆಂಗಿನಕಾಯಿ. ಮಹಾದೇವಿಯ ಪೂಜೆ ಒಂದು ಗೇಣು ಹೆಚ್ಚು. ‘‘ಹಾರನ್ ಎಲ್ಲಿರ್ತದರೀ?’’ ಎಂದು ಒಮ್ಮೆ ಕೇಳಿದಳು. ಮುಂದಿನ ಬಂಪರಿನಲ್ಲಿದ್ದ ಸಂದಿ ಸಂದಿಯ ಜಾಳಿಗೆ ತೋರಿಸಿ, ಅದರ ಹಿಂದೆ ಎಂದೆ. ಅಂದಿನಿಂದ ಕಾಯಿ ಒಡೆದ ನೀರು ಚಕ್ರಕ್ಕೆ ಎರಡು ಹನಿ ಬಿದ್ದರೆ, ಉಳಿದದ್ದೆಲ್ಲ ಆ ಜಾಳಿಗೆಯ ಸಂದಿಯೊಳಗೆ. ‘‘ಕೂಗೂ ಬಾಯಿ ಅದು. ಅದಕ್ಕ ಮೊದಲು ಮುಟ್ಟಬೇಕು,’’ ಎನ್ನುತ್ತಿದ್ದಳು. ಅಲ್ಲದೆ ದಿನಾ ಬೆಳಿಗ್ಗೆ ಹೊರಟಾಗ ನಾನು ಓಣಿಯ ತಿರುವಿನಲ್ಲಿ ಒಮ್ಮೆ ಹಾರನ್ ಹೊಡೆಯಬೇಕು. ಅದು ಕೇಳಿಸಿದ ಮೇಲೆಯೇ ಅವಳು ಒಳಗೆ ಹೋಗುವುದು.

ಹಾರನ್ ಸತ್ತ ದಿನ ನಾನು ತಿರುವಿನಲ್ಲಿ ಸುಮ್ಮನೆ ಹೋದೆ. ದೇವದುರ್ಗ ಮುಟ್ಟುವುದರೊಳಗೆ ಫೋನಿನ ಮೇಲೆ ಫೋನು. ರಿಪೇರಿಗೆ ಬಿಡುತ್ತೇನೆ, ಸಣ್ಣ ವಿಷಯ ಎಂದೆ. ‘‘ಸಣ್ಣದಲ್ರೀ ಅದು,’’ ಎಂದಳು.

ನಮ್ಮಲ್ಲಿ ರೋಗಕ್ಕಿಂತ ವೈದ್ಯರು ಹೆಚ್ಚು. ಪಕ್ಕದ ಮನೆಯ ಬಸಣ್ಣ ಅಕ್ಕಿ ಗಿರಣಿ ನಡೆಸುವವರು. ಶಬ್ದ ಮಾಡುವ ಯಂತ್ರಗಳೆಲ್ಲ ತಮ್ಮ ಇಲಾಖೆಗೆ ಸೇರಿದವು ಎಂಬ ನಂಬಿಕೆ ಅವರದು. ‘‘ಫ್ಯೂಜ್ ಹೋಗಿರ್ತದ ತಗೋರಿ ಸರ, ಮತ್ತೇನಿಲ್ಲ,’’ ಎಂದರು. ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ, ಕಾಲು ಬೀದಿಗೆ ಚಾಚಿ, ಫ್ಯೂಜ್ ಕಿತ್ತು ಬೆಳಕಿಗೆ ಹಿಡಿದೆ. ಒಳಗಿನ ತಂತಿ ಗಟ್ಟಿಯಾಗಿಯೇ ಇತ್ತು. ವಾಪಸ್ಸು ಹಾಕಿದ್ದು ಬೇರೆ ತೂತಿಗೋ ಏನೋ, ಆ ದಿನ ರೇಡಿಯೋ ಕೂಡ ಸತ್ತಿತು. ಕಾಲೇಜಿನ ಫಿಜಿಕ್ಸ್ ಮೇಷ್ಟ್ರು, ಹಾರನ್ನಿಗೆ ಕರೆಂಟು ಬಿಡುವ ರಿಲೇ ಕೆಟ್ಟಿದೆ ಎಂದರು. ಒಬ್ಬರು ಒತ್ತಬೇಕಂತೆ, ಇನ್ನೊಬ್ಬರು ಕಿವಿ ಇಟ್ಟು ಟಿಕ್ ಎನ್ನುತ್ತದೆಯೋ ಕೇಳಬೇಕಂತೆ. ಅವರು ಒತ್ತಿದರು, ನಾನು ಬಾನೆಟ್ಟಿನೊಳಗೆ ಕಿವಿ ಇಟ್ಟೆ. ಟಿಕ್ ಎಂದಿತು. ‘‘ಹಂಗಾದ್ರ ರಿಲೇ ಸರಿ ಅದ,’’ ಎಂದರು, ಬಹಳ ಬೇಸರದಿಂದ. ಎಲ್ಲವೂ ಸರಿ ಇರುವ ಗಾಡಿ ಮೂಕವಾಗಿರುವುದು ಎಷ್ಟು ಹತಾಶೆಯ ವಿಷಯ ಎಂದು ನನಗೆ ಆಗ ಗೊತ್ತಾಯಿತು. ಕೆಟ್ಟದ್ದಾದರೂ ಸಿಕ್ಕರೆ ಮನುಷ್ಯನಿಗೆ ಒಂದು ಸಮಾಧಾನ.

ಆ ವಾರವೆಲ್ಲ ಹತ್ತಿ ಗಾಡಿಗಳ ಹಿಂದೆ ತೆವಳಿದೆ. ಪ್ರತಿ ಲಾರಿಯ ಹಿಂದೆಯೂ ಹಾರನ್ ಹೊಡೆಯಿರಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಅಷ್ಟು ಮರ್ಯಾದೆಯಿಂದ ಕೇಳಿಕೊಂಡರೂ ನನ್ನಿಂದ ಆಗಲಿಲ್ಲ. ಕ್ಲಾಸಿಗೆ ತಡವಾಯಿತು, ಪ್ರಿನ್ಸಿಪಾಲರು ಗಡಿಯಾರ ನೋಡಿದರು. ಅದನ್ನು ಹೇಳಿಕೊಳ್ಳಲು ಬರುವಾಗ ಕುರಿಗಳೂ ಸಿಗಲಿಲ್ಲ. ಮನೆಗೆ ಬಂದರೆ ಮಹಾದೇವಿ ಗೇಟಿನ ಬಳಿಯೇ ನಿಂತಿರುತ್ತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋಗುತ್ತಿದ್ದಳು.

ರವಿವಾರ ಖಾಜಾ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದೆ. ಅವನೂ ಮೊದಲು ಫ್ಯೂಜ್ ಎಂದ, ಆಮೇಲೆ ರಿಲೇ ಎಂದ, ಸ್ಟೇರಿಂಗ್ ಬಿಚ್ಚಬೇಕು ಎಂದು ಹೆದರಿಸಿದ, ಚಹಾ ಕುಡಿದ. ಕೊನೆಗೆ ಬೇರೆ ದಾರಿ ಕಾಣದೆ ಬಂಪರ್ ಬಿಚ್ಚಿ ಹಾರನ್ ಕೈಗೆ ತೆಗೆದ. ಬ್ಯಾಟರಿಯಿಂದ ನೇರ ಎರಡು ತಂತಿ ಮುಟ್ಟಿಸಿದ. ಸುದ್ದಿಯಿಲ್ಲ. ತಿರುಗಿಸಿ ನೆಲಕ್ಕೆ ಕುಟ್ಟಿದ. ಕೆಂಪು ತುಕ್ಕಿನ ಪುಡಿ ಉದುರಿತು, ಅದರ ಹಿಂದೆಯೇ ಇರುವೆಗಳು ಸಾಲಾಗಿ ಹೊರಟವು.

‘‘ಸರ, ಇದಕ್ಕೇನು ಬೆಲ್ಲ ತಿನ್ಸಾಕತ್ತೀರೇನ್ರೀ? ಒಳಗ ಅಂಟು ಅಂಟು ಆಗ್ಯದ,’’ ಎಂದು ನಕ್ಕ.

ನನಗೆ ನಗು ಬರಲಿಲ್ಲ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಅವಳು ಕಾಯಿ ಬಗ್ಗಿಸಿ ಸುರಿದ ನೀರೆಲ್ಲ ಕಣ್ಣ ಮುಂದೆ ಬಂತು. ನನ್ನನ್ನು ಉಳಿಸಲೆಂದು ಮಾಡಿದ ಪೂಜೆಯೇ ಗಾಡಿಯ ಬಾಯಿ ಕಟ್ಟಿತ್ತು. ಇದನ್ನು ಅವಳಿಗೆ ಹೇಳಿದರೆ ಬೆಳಿಗ್ಗೆ ನನ್ನನ್ನು ಗೇಟಿನಾಚೆ ಕಳಿಸಲು ಅವಳ ಕೈಯಲ್ಲಿ ಏನು ಉಳಿಯುತ್ತದೆ? ಹೊಸ ಹಾರನ್ ಪೀಂ ಎಂದು ಜೋರಾಗಿ ಕೂಗಿತು. ನಾನು ದಾರಿಯುದ್ದಕ್ಕೂ ಒಂದು ಸುಳ್ಳು ಹುಡುಕುತ್ತ ಮನೆಗೆ ಬಂದೆ.

‘‘ಏನಾಗಿತ್ತಂತರೀ?’’

‘‘ತುಕ್ಕು ಹಿಡಿದಿತ್ತಂತ,’’ ಎಂದೆ.

ರಾಯಚೂರಿನಲ್ಲಿ ಯಾರಿಗಾದರೂ ಹೇಳುವ ಸುಳ್ಳೇ ಅದು? ನಮ್ಮೂರ ಬಿಸಿಲಿಗೆ ಹಸಿ ಬಟ್ಟೆ ಹಿಂಡುವುದರೊಳಗೆ ಒಣಗುತ್ತದೆ. ಮಹಾದೇವಿ ಅಂಗಳ ನೋಡಿದಳು, ಆಕಾಶ ನೋಡಿದಳು. ‘‘ಮಳೀನ ಇಲ್ಲ. ನೀರು ಎಲ್ಲಿಂದ ಬಂತು?’’ ಎಂದಳು. ತಾಸುಗಟ್ಟಲೆ ಪಾಠ ಹೇಳುವ ನನ್ನ ಕಣ್ಣು ತಾನಾಗಿಯೇ ಬಂಪರಿನ ಜಾಳಿಗೆಯ ಕಡೆ ಹೋಯಿತು. ಅವಳೂ ಅತ್ತ ನೋಡಿದಳು, ಎಲ್ಲ ತಿಳಿಯಿತು. ಕಟ್ಟೆಯ ಮೇಲೆ ಕೂತುಬಿಟ್ಟಳು.

‘‘ನಾನ ಹಾಕಿದ ಕಾಯಿ ನೀರಲ್ರೀ ಅದು. ಬಾಯಿಲ್ಲದ ಗಾಡ್ಯಾಗ ನಿಮ್ಮನ್ನ ನಾನ ಕಳ್ಸಿದಂಗ ಆತು.’’

ಹಾಗಲ್ಲ ಎಂದೆ. ಎಲ್ಲ ಹಾರನ್ನುಗಳೂ ಒಂದು ದಿನ ಕೆಡುತ್ತವೆ ಎಂದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಮುಂದಿನ ಅಮಾವಾಸ್ಯೆ ರಜೆಯ ದಿನ ಬಂತು. ಓಣಿಯ ತುಂಬ ಕಾಯಿ ಒಡೆಯುವ ಸದ್ದು. ಬಸಣ್ಣನವರ ಗಿರಣಿ ಲಾರಿಗಳಿಗೆ ಹೂವಿನ ಹಾರ. ನಮ್ಮ ಕಾರು ಧೂಳು ಹೊತ್ತುಕೊಂಡು ಒಂಟಿಯಾಗಿ ನಿಂತಿತ್ತು. ಮಹಾದೇವಿ ಬರಿಗೈಯಲ್ಲಿ ಹೊರಬಂದಳು. ಕಾಯಿ ಇಲ್ಲ, ಕುಂಕುಮ ಇಲ್ಲ. ಅವಳು ಮನೆಗೆ ಬೀಗ ಹಾಕಿ, ನೇರ ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತಳು.

‘‘ಮಾನ್ವಿಗೆ ನಡೀರಿ. ಅವ್ವನ್ನ ನೋಡಿ ಬರೂಣು.’’

‘‘ಗಾಡ್ಯಾಗ?’’

‘‘ಹ್ಞೂಂ. ಮನ್ಯಾಗ ಕುಂತು ಕಾಯೂದು ಸಾಕಾಗ್ಯದ. ಬಾಜೂಕ ಕುಂತು ನೋಡ್ಕೋತೀನಿ.’’

ದಾರಿಯುದ್ದಕ್ಕೂ ಅವಳೇ ಡ್ರೈವರು. ಟ್ರ್ಯಾಕ್ಟರ್ ಕಂಡರೆ ‘‘ಹೊಡೀರಿ,’’ ಮೇಕೆ ಕಂಡರೆ ‘‘ಹೊಡೀರಿ,’’ ಮರದ ನೆರಳು ಕಂಡರೂ ‘‘ಹೊಡೀರಿ.’’ ಶರಣು ಬಿದ್ದ ಜಾಗ ಹತ್ತಿರ ಬಂತು. ನಾನು ಗಾಡಿಯನ್ನು ನಿಧಾನ ಮಾಡಿದೆ. ‘‘ನಿಲ್ಲಸ್ರಿ,’’ ಎಂದಳು. ನಿಲ್ಲಿಸಿದೆ. ಎರಡೂ ಕಡೆ ರಸ್ತೆ ಖಾಲಿ ಬಿದ್ದಿತ್ತು. ಅವಳು ನನ್ನ ಎದೆಯ ಮುಂದಿಂದ ಕೈ ಚಾಚಿ ಹಾರನ್ ಒತ್ತಿದಳು, ಒತ್ತಿ ಹಿಡಿದಳು, ಬಿಡಲಿಲ್ಲ. ನಾನು ತಡೆಯಲಿಲ್ಲ.

ಪಕ್ಕದ ಮೆಣಸಿನಕಾಯಿ ಹೊಲದಲ್ಲಿ ಬಗ್ಗಿದ್ದವನೊಬ್ಬ ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು ಕೂಗಿದ: ‘‘ರಸ್ತಾ ಪೂರಾ ಖಾಲಿ ಅದಲ್ಲಬೇ ಯಕ್ಕಾ! ಯಾರಿಗೆ ಹೊಡಿಯಾಕತ್ತೀರಿ?’’

ಮಹಾದೇವಿ ಕೈ ತೆಗೆದಳು. ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

‘‘ಹೊಸಾದು ಹಾಕ್ಸೀವಪ್ಪಾ,’’ ಎಂದಳು. ‘‘ಕೇಳಸ್ತದೋ ಇಲ್ಲೋ ಅಂತ ನೋಡಾಕತ್ತೀನಿ.’’