ಹಾಲು-ತುಪ್ಪದ ದಿನದ ಪರೀಕ್ಷೆ

ದೊಡ್ಡನೆಕ್ಕುಂದಿಯಲ್ಲಿ ಪಿಜಿ ಬೋರ್ಡು ಇಲ್ಲದ ಬೀದಿ ತೋರಿಸಿದವರಿಗೆ ಬಹುಮಾನ ಕೊಡಬೇಕು, ಹಾಗಾಗಿಬಿಟ್ಟಿದೆ. ಆ ಬೋರ್ಡುಗಳಲ್ಲಿ ಒಂದು ವೇಣಿಯ ಮನೆಯದು. ಗಂಡ ಮುನಿರಾಜು ಊರಿನ ಹಳೆಯ ಒಕ್ಕಲು ಮನೆತನದವನು. ಹೊಲವೆಲ್ಲ ಕೈಬಿಟ್ಟ ಮೇಲೆ ಉಳಿದ ಜಾಗದಲ್ಲಿ ನಾಲ್ಕು ಮಹಡಿ ಎಬ್ಬಿಸಿ, ಹದಿನೆಂಟು ರೂಮು ಮಾಡಿ, ಐವತ್ತು ಹುಡುಗರನ್ನು ತುಂಬಿಕೊಂಡಿದ್ದಾನೆ. ಹುಡುಗರ ಲೆಕ್ಕದಲ್ಲಿ ಓನರು ಅವನೇ. ಆದರೆ ಬೆಳಗಾದರೆ ಅವರು ಕೂಗುವುದು ವೇಣಿಯನ್ನು. ನೀರು ಬರದಿದ್ದರೆ ಒಂದು ಸಲ ಕೂಗುತ್ತಾರೆ, ವೈಫೈ ಬರದಿದ್ದರೆ ಹತ್ತು ಸಲ.

ಆ ವೈಫೈಯಿಂದಲೇ ಎಲ್ಲ ಶುರುವಾದದ್ದು. ಫೋನು ಮಾಡಿದರೆ ಕೇಬಲ್ಲಿನವನು ಎರಡು ದಿನ ಬಿಟ್ಟು ಬರುತ್ತಿದ್ದ. ಬಂದವನು ಡಬ್ಬಿ ತೆಗೆದು, ವೈರು ಕಿತ್ತು, ಮತ್ತೆ ಸಿಕ್ಕಿಸಿ, ಮಹಾ ಉಪಕಾರ ಮಾಡಿದವನ ಹಾಗೆ ಮುಖ ಮಾಡಿಕೊಂಡು ಹೋಗುತ್ತಿದ್ದ. ವೇಣಿ ಅವನ ಹಿಂದೆ ನಿಂತು ನೋಡುತ್ತಿದ್ದಳು. ಅವಳೇನು ದಡ್ಡಿಯಲ್ಲ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಎರಡು ವರ್ಷ ಓದಿದ್ದಳು, ಮೂರನೆಯ ವರ್ಷಕ್ಕೆ ಮೊದಲು ಮದುವೆ ಮಾಡಿದರು. ಮದುವೆಯಾದ ಮೇಲೂ ಓದಿಸುತ್ತೇವೆ ಎಂದು ಗಂಡಿನ ಕಡೆಯವರು ಹೇಳಿದ್ದರು. ಹಾಗೆ ಹೇಳುವುದೊಂದು ಪದ್ಧತಿ, ಯಾರೂ ಅದನ್ನು ನಂಬುವುದಿಲ್ಲ. ವೇಣಿ ನಂಬಿದ್ದಳು, ಪಾಪ. ಈಗ ಅವಳ ಮಗಳು ದೀಪಶ್ರೀ ಹೈಸ್ಕೂಲಿಗೆ ಹೋಗುತ್ತಾಳೆ.

ವರ್ಷ ಕಳೆಯುವುದರೊಳಗೆ ಕೇಬಲ್ಲಿನವನನ್ನು ಕರೆಯುವ ಅಗತ್ಯವೇ ಬೀಳದಂತಾಯಿತು. ಆ ಹೊತ್ತಿಗೆ ಮೂರನೇ ಮಹಡಿಯ ಹುಡುಗನೊಬ್ಬ ರೂಮು ಖಾಲಿ ಮಾಡುವಾಗ ಒಂದು ಒಡೆದ ಬಕೆಟ್ಟು, ಎರಡು ಹ್ಯಾಂಗರು, ಒಂದು ದಪ್ಪ ಪುಸ್ತಕ ಬಿಟ್ಟುಹೋದ. ಬಕೆಟ್ಟನ್ನು ಕಸಕ್ಕೆ ಹಾಕಿ ಪುಸ್ತಕವನ್ನು ಒಳಗೆ ತಂದಳು. ನೆಟ್‌ವರ್ಕಿಂಗ್ ಕೆಲಸಕ್ಕೆ ಸೇರುವವರು ಮೊಟ್ಟಮೊದಲು ಬರೆಯುವ ಸರ್ಟಿಫಿಕೇಟ್ ಪರೀಕ್ಷೆಯ ಪುಸ್ತಕ ಅದು. ತಾನು ಇಷ್ಟು ದಿನ ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದ ಕೆಲಸಕ್ಕೆಲ್ಲ ಒಂದೊಂದು ಹೆಸರಿದೆ, ಒಂದೊಂದು ಕಾರಣವಿದೆ ಎಂದು ತಿಳಿದು ಅವಳಿಗೆ ಅವತ್ತು ಊಟ ಸೇರಲಿಲ್ಲ.

ಡಿಪ್ಲೊಮಾದಲ್ಲಿ ಜೊತೆಗೆ ಓದಿದ್ದ ಶಶಿಕಲಾ ಈಗ ವೈಟ್‌ಫೀಲ್ಡ್ ಕಡೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಆ ಪರೀಕ್ಷೆ ಪಾಸು ಮಾಡಿಕೊಂಡು ಬಾ, ನಮ್ಮ ಲ್ಯಾಬನ್ನು ನೋಡಿಕೊಳ್ಳುವವರು ಬೇಕು, ಡಿಪ್ಲೊಮಾ ಮುಗಿಸದಿದ್ದರೂ ನಡೆಯುತ್ತದೆ, ವರ್ಷದ ಕೊನೆಯವರೆಗೆ ಕಾಯುತ್ತಾರೆ ಎಂದಳು. ವೇಣಿಗೆ ಬೇಕಾದದ್ದು ಅದೊಂದೇ. ಮೂವತ್ತಾರನೆಯ ವಯಸ್ಸಿನಲ್ಲಾದರೂ ಒಂದು ಸಲ, ಮುನಿರಾಜು ಹೆಂಡತಿ ಎಂದಲ್ಲದೆ ತನ್ನ ಹೆಸರಿನಲ್ಲಿ ಒಂದು ಕಡೆ ಹೋಗಿ ಕೂರುವುದು.

ಆದರೆ ಗಂಡನಿಗೆ ಹೇಳುವುದು ಹೇಗೆ? ಎಂಟು ವರ್ಷದ ಹಿಂದೆ ಕಂಪ್ಯೂಟರ್ ಕ್ಲಾಸಿನವರು ಕೆಲಸಕ್ಕೆ ಕರೆದಾಗ ಅವನು ಹೇಳಿದ ಮಾತು ಅವಳ ಎದೆಯಲ್ಲಿ ಹಾಗೇ ಕೂತಿತ್ತು. ಅವನು ಬೈದಿರಲಿಲ್ಲ, ನಕ್ಕಿದ್ದ. ಹದಿನೆಂಟು ರೂಮಿನ ಬಾಡಿಗೆ ಬರುವ ಮನೆಯ ಹೆಂಗಸು ಇನ್ನೊಬ್ಬರ ಹತ್ತಿರ ಕೆಲಸಕ್ಕೆ ನಿಂತರೆ ಊರವರು ಏನೆಂದುಕೊಳ್ಳುತ್ತಾರೆ ಎಂದಿದ್ದ. ಬೈದಿದ್ದರೆ ತಿರುಗಿ ಒಂದು ಮಾತಾಡಬಹುದಿತ್ತು. ನಕ್ಕವನಿಗೆ ಏನು ಹೇಳುವುದು? ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ.

ಮನೆಯಲ್ಲಿ ಗುಟ್ಟು ತಿಳಿದಿದ್ದವಳು ಅತ್ತೆ ಕೃಷ್ಣಮ್ಮ ಒಬ್ಬಳೇ. ಅತ್ತೆ ಎಂದ ಕೂಡಲೇ ನೀವು ಮುಖ ಗಂಟು ಹಾಕಿಕೊಳ್ಳಬೇಡಿ, ಇವಳು ಆ ಜಾತಿಯವಳಲ್ಲ. ಓದು ಬರಹ ಇಲ್ಲ, ಬಾಯಿ ಮಾತ್ರ ಊರಗಲ. ಮಧ್ಯಾಹ್ನ ಹುಡುಗರು ಆಫೀಸಿಗೆ ಹೋಗಿ ಮನೆ ತಣ್ಣಗಾದ ಮೇಲೆ ಅತ್ತೆ ಅಡುಗೆಮನೆಯಲ್ಲಿ ಕಾಳು ಆರಿಸುತ್ತ ಕೂರುವಳು, ಸೊಸೆ ಎದುರಿಗೆ ಕೂತು ಅವತ್ತಿನ ಪಾಠ ಒಪ್ಪಿಸುವಳು. ಕೇಳುವವರಿಗೆ ಹೇಳಿಕೊಟ್ಟರೆ ತಾನೂ ಕಲಿಯುತ್ತೇನೆ ಎಂದು ವೇಣಿಯೇ ಶುರುಮಾಡಿದ್ದು. ಅತ್ತೆಗೆ ಏನರ್ಥವಾಗುತ್ತದೆ ಎಂದುಕೊಂಡಿದ್ದಳು. ಆದರೆ ನಿನ್ನೆ ಹೇಳಿದ್ದಕ್ಕೂ ಇವತ್ತು ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಕೃಷ್ಣಮ್ಮ ಕಾಳಿನಿಂದ ತಲೆ ಎತ್ತದೆಯೇ ಹಿಡಿದುಬಿಡುತ್ತಿದ್ದಳು.

ಒಂದು ದಿನ ನಂಬರುಗಳನ್ನು ಪಾಲು ಮಾಡುವ ಪಾಠ. ಇದು ಓದಿದವರಿಗೂ ತಲೆ ಚಿಟ್ಟು ಹಿಡಿಸುವಂಥದ್ದು. ಒಂದು ನೆಟ್‌ವರ್ಕಿಗೆ ಇನ್ನೂರೈವತ್ತಾರು ನಂಬರು. ನಾಲ್ಕು ಪಾಲು ಮಾಡಿದರೆ ಒಂದೊಂದಕ್ಕೆ ಅರವತ್ತನಾಲ್ಕು. ಪ್ರತಿ ಪಾಲಿನಲ್ಲೂ ಮೊದಲ ನಂಬರು ಆ ಪಾಲಿನ ಹೆಸರು, ಕೊನೆಯದು ಅಲ್ಲಿರುವವರನ್ನೆಲ್ಲ ಒಟ್ಟಿಗೆ ಕೂಗುವುದಕ್ಕೆ. ಆ ಎರಡನ್ನೂ ಯಾರಿಗೂ ಕೊಡುವ ಹಾಗಿಲ್ಲ. ವೇಣಿ ಇದನ್ನು ಹೊಲದ ಲೆಕ್ಕದಲ್ಲಿ ಬಿಡಿಸಿ ಹೇಳಿದಳು. ಕೃಷ್ಣಮ್ಮ ಮೊರ ಕೆಳಗಿಟ್ಟಳು.

"ಅಂಗಾದ್ರೆ ನಾಕು ಪಾಲಾದ್ರೆ ಎಂಟು ನಂಬರು ಆಳಾಯ್ತು. ಒಟ್ಟಿಗೇ ಇದ್ದಿದ್ರೆ ಎರಡೇ ಓಗ್ತಿತ್ತು. ನಮ್ ಮಾವನ ಕಾಲದಾಗೆ ಒಲ ಪಾಲಾದಾಗ ಈ ಲೆಕ್ಕ ಯೋಳೋರು ಒಬ್ರೂ ಇರ್ಲಿಲ್ಲ ನೋಡು."

ವೇಣಿ ದಂಗಾದಳು. ಆ ದಪ್ಪ ಪುಸ್ತಕ ಎರಡು ಪುಟದಲ್ಲಿ ಹೇಳಿದ್ದೂ ಅದನ್ನೇ. ಹೀಗೆ ಎಂಟು ತಿಂಗಳು ನಡೆಯಿತು. ಪಾಸಾದ ಮೇಲೆ ಮುನಿರಾಜುವಿಗೆ ತಾನೇ ಹೇಳುವುದಾಗಿ ಕೃಷ್ಣಮ್ಮ ಮಾತು ಕೊಟ್ಟಿದ್ದಳು. ಹೆತ್ತವಳ ಮಾತು ಅವನು ತೆಗೆದುಹಾಕುವುದಿಲ್ಲ, ಅವನ ಮುಖ ನೋಡಿದರೆ ಒಳಗೇನಿದೆ ಎಂದು ತನಗೆ ತಿಳಿಯುತ್ತದೆ, ಅಲ್ಲಿಯವರೆಗೆ ನೀನು ಬಾಯಿ ಬಿಡಬೇಡ ಎಂದಿದ್ದಳು. ಪರೀಕ್ಷೆಯ ಫೀಸೂ ಅವಳ ಗಂಟಿನದೇ, ಇನ್ನೊಂದು ಸಲ ಕಟ್ಟುವಷ್ಟು ಅದರಲ್ಲಿ ಉಳಿದಿರಲಿಲ್ಲ.

ಈ ಪರೀಕ್ಷೆಗೆ ದಿನವನ್ನು ನಾವೇ ಆರಿಸಿಕೊಳ್ಳಬಹುದು. ಆದರೆ ಫೀಸು ಕಟ್ಟಿದ ವೋಚರಿಗೆ ಗಡುವಿರುತ್ತದೆ, ಅದು ದಾಟಿದರೆ ಕಟ್ಟಿದ್ದು ಹೋಯಿತು. ವೇಣಿ ಗಡುವಿಗೆ ಹನ್ನೆರಡು ದಿನ ಮೊದಲೇ, ಒಂದು ಶನಿವಾರ ಗೊತ್ತುಮಾಡಿಕೊಂಡಿದ್ದಳು. ಓದು ಮುಗಿದಿತ್ತು, ಮಾದರಿ ಪರೀಕ್ಷೆಗಳಲ್ಲೆಲ್ಲ ಪಾಸಾಗುತ್ತಿದ್ದಳು. ಅಷ್ಟರಲ್ಲಿ ಕೃಷ್ಣಮ್ಮ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಳು. ಅಕ್ಷರ ಬಾರದಿದ್ದರೂ ಕ್ಯಾಲೆಂಡರಿನ ಕಪ್ಪು ಚುಕ್ಕೆ ಯಾರಿಗೆ ತಿಳಿಯುವುದಿಲ್ಲ? ಅಮಾವಾಸ್ಯೆ. ಅದೂ ಶನಿವಾರ.

ಕಂಪ್ಯೂಟರಿಗೆ ಅಮಾವಾಸ್ಯೆ ಇಲ್ಲ ಅತ್ತೆ ಎಂದು ವೇಣಿ ನಕ್ಕಳು. ಕೃಷ್ಣಮ್ಮ ನಗಲಿಲ್ಲ. ಎಂಟು ತಿಂಗಳಲ್ಲಿ ನಾನು ನಿನ್ನನ್ನು ಏನಾದರೂ ಕೇಳಿದ್ದೇನಾ, ಇದೊಂದು ಕೇಳು ಎಂದಳು. ಆ ಮಾತಿಗೆ ಎದುರಾಡುವುದು ಹೇಗೆ? ನಡುವೆ ಬೇರೆ ದಿನಗಳಿದ್ದವು. ಆದರೆ ಒಂದು ಮಂಗಳವಾರ ಎಂದು ಬೇಡವಾಯಿತು, ಇನ್ನೊಂದರಲ್ಲಿ ರಾಹುಕಾಲ ಅಡ್ಡ ಬಂತು. ಕೊನೆಗೆ ಇಬ್ಬರೂ ಒಪ್ಪಿದ್ದು ಗುರುವಾರ, ತ್ರಯೋದಶಿ, ಬೆಳಿಗ್ಗೆ ಹತ್ತು ಗಂಟೆ. ವೋಚರಿನ ಗಡುವಿನ ಕೊನೆಯ ದಿನವೇ ಅದು. ಅತ್ತೆ ಸೊಸೆ ಸೇರಿ ಮಾಡಿದ ತಪ್ಪು ಇದೊಂದೇ.

ಮಂಗಳವಾರ ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟ ಕೃಷ್ಣಮ್ಮ, ಎದೆ ಹಿಡಿದ ಹಾಗಾಗುತ್ತಿದೆ ಎಂದು ಗೋಡೆಗೆ ಒರಗಿದಳು. ಮುನಿರಾಜು ಕಾರು ತೆಗೆಯುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಅರವತ್ತೆಂಟು ವರ್ಷ. ಒಂದು ದಿನ ಆಸ್ಪತ್ರೆಯ ಮುಖ ನೋಡಿದವಳಲ್ಲ. ಸಂಜೆ, ಅಪಾರ್ಟ್‌ಮೆಂಟಿನ ಕಾಂಪೌಂಡು ಗೋಡೆಗೆ ಹೊಂದಿಕೊಂಡು ಉಳಿದಿದ್ದ ಮನೆತನದ ನಾಲ್ಕು ಗುಂಟೆಯಲ್ಲಿ, ಗಂಡನ ಪಕ್ಕದಲ್ಲಿ ಮಣ್ಣು ಮಾಡಿದರು.

ವೇಣಿ ಅಳಲಿಲ್ಲ. ಅಳುವುದಕ್ಕೆ ಯಾರು ಬಿಟ್ಟರು? ಮನೆ ತುಂಬ ಜನ, ಅವರಿಗೆ ನೀರು, ಚಾಪೆ, ಕಾಫಿ. ಮೂರನೇ ದಿನಕ್ಕೆ ಹಾಲು-ತುಪ್ಪ ಎಂದು ಗಂಡನ ಚಿಕ್ಕಪ್ಪ ನರಸಪ್ಪ ಹೇಳಿದಾಗ ಅವಳು ಬೆರಳು ಮಡಿಸಿದಳು. ಮಂಗಳವಾರದಿಂದ ಎಣಿಸಿದರೆ ಮೂರನೇ ದಿನ ಗುರುವಾರ. ಸಮಾಧಿಗೆ ಹಾಲು ತುಪ್ಪ ಬಿಟ್ಟು, ಸತ್ತವರಿಗೆ ಇಷ್ಟವಾದ ಅಡುಗೆ ಎಡೆ ಇಟ್ಟು, ಕಾಗೆ ಮುಟ್ಟುವವರೆಗೆ ಕಾಯಬೇಕು. ಆ ಅಡುಗೆ ಮಾಡಬೇಕಾದವಳು ಸೊಸೆ.

ಬುಧವಾರ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಫೋನು ತೆಗೆದು ನೋಡಿದಳು. ದಿನ ಬದಲಾಯಿಸುವ ಗುಂಡಿ ಇತ್ತು. ಒತ್ತಿದರೆ ಗುರುವಾರದ ಆಚೆಗೆ ಒಂದು ದಿನವನ್ನೂ ಅದು ತೋರಿಸಲಿಲ್ಲ. ಶಶಿಕಲಾಗೆ ಫೋನು ಮಾಡಿದರೆ ಅವಳೂ ಏನೂ ಮಾಡುವ ಹಾಗಿರಲಿಲ್ಲ, ಗಂಡನಿಗೆ ಹೇಳಿ ಹೊರಟುಬಿಡು ಎಂದಳು. ಹೇಳುವುದಂತೆ! ಅಮ್ಮನನ್ನು ಮಣ್ಣು ಮಾಡಿ ಬಂದು ಹಜಾರದ ಮೂಲೆಯಲ್ಲಿ ಕೂತವನಿಗೆ, ನಾಳೆ ಹಾಲು-ತುಪ್ಪಕ್ಕೆ ನಾನಿರುವುದಿಲ್ಲ, ನಿಮಗೆ ಹೇಳದೆ ಓದಿದ ಪರೀಕ್ಷೆಯೊಂದಿದೆ ಎಂದು ಹೇಳಬೇಕಿತ್ತು. ಎರಡು ಸಲ ಅವನ ಹತ್ತಿರ ಹೋದಳು. ಒಂದು ಸಲ ನೀರು ಬೇಕಾ ಎಂದು ಕೇಳಿ ಬಂದಳು, ಇನ್ನೊಂದು ಸಲ ಅದನ್ನೂ ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ಕಜ್ಜಾಯ ಮಾಡಿದಳು. ಎಂಟು ಗಂಟೆಗೆ, ಹೊರಡಬೇಕಾದ ಹೊತ್ತಿಗೆ ಇಟ್ಟುಕೊಂಡಿದ್ದ ಅಲಾರಾಂ ಬಡಿದುಕೊಂಡಿತು. ಏನದು ಎಂದು ನಾದಿನಿ ಅನುಸೂಯಮ್ಮ ಕೇಳಿದಳು. ನೀರಿನ ಮೋಟರು ಆಫ್ ಮಾಡುವುದಕ್ಕೆ ಎಂದು ವೇಣಿ ಹೇಳಿ, ಕಜ್ಜಾಯ ತಿರುವಿಹಾಕಿದಳು. ಒಂದು ಸೀದಿತ್ತು.

ಸಮಾಧಿಯ ಹತ್ತಿರ ಹಾಲು ತುಪ್ಪ ಬಿಟ್ಟು, ಎಲೆಯ ಮೇಲೆ ಎಡೆ ಇಟ್ಟು, ಎಲ್ಲರೂ ಹಿಂದೆ ಸರಿದು ನಿಂತಾಗ ಹತ್ತಕ್ಕೆ ಹತ್ತು ನಿಮಿಷ. ಕಾಗೆಗಳು ಕಾಂಪೌಂಡಿನ ಮೇಲೆ ಸಾಲಾಗಿ ಕೂತಿದ್ದವು, ಒಂದೂ ಇಳಿಯಲಿಲ್ಲ. ಇಳಿಯುವುದೇಕೆ? ಊರಿನ ಪಿಜಿಗಳು ಚೆಲ್ಲುವ ಅನ್ನ ತಿಂದು ಕೊಬ್ಬಿದ ಕಾಗೆಗಳು ಅವು. ಆದರೆ ಹಾಗೆಂದು ಆ ಹೊತ್ತಿನಲ್ಲಿ ಯಾರು ಹೇಳುತ್ತಾರೆ? ಅಮ್ಮನಿಗೆ ಏನೋ ಆಸೆ ಉಳಿದಿದೆ, ಮಾತು ಕೊಡಿ, ಆಗ ಮುಟ್ಟುತ್ತದೆ ಎಂದು ಅನುಸೂಯಮ್ಮ ಅಳುತ್ತ ಹೇಳಿದಳು. ಎಲ್ಲರೂ ಒಬ್ಬೊಬ್ಬರಾಗಿ ಕೈಮುಗಿದು ಮಾತು ಕೊಟ್ಟರು. ಆಸ್ತಿ ಪಾಲಿನ ವಿಷಯ ಇನ್ನು ಎತ್ತುವುದಿಲ್ಲ ಎಂದು ಅನುಸೂಯಮ್ಮ. ದೀಪಶ್ರೀಯ ಮದುವೆಗೆ ತಾನೇ ನಿಂತು ಓಡಾಡುತ್ತೇನೆ ಎಂದು ನರಸಪ್ಪ. ಅವನಿಗೆ ಮನೆಯ ಮೆಟ್ಟಿಲು ಹತ್ತುವುದಕ್ಕೇ ಆಗುವುದಿಲ್ಲ. ಮನೆದೇವರಿಗೆ ಹೋಗಿಬರುತ್ತೇವಮ್ಮ ಎಂದು ಮುನಿರಾಜು. ಕಾಗೆಗಳು ಕತ್ತು ಹೊರಳಿಸಿ ನೋಡಿದವು, ಅಷ್ಟೇ.

ಅತ್ತೆಗೆ ಉಳಿದಿದ್ದ ಆಸೆ ಏನೆಂದು ಅಲ್ಲಿ ತಿಳಿದಿದ್ದವಳು ವೇಣಿ ಒಬ್ಬಳೇ. ಬರೆಯುತ್ತೇನೆ ಅತ್ತೆ ಎಂದು ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು. ಆದರೆ ಅವಳ ಕಣ್ಣು ಗಂಡನ ಕೈಗಡಿಯಾರದ ಮೇಲಿತ್ತು. ಹತ್ತಾಯಿತು. ಹತ್ತೂಕಾಲಾಯಿತು. ಹದಿನೈದು ನಿಮಿಷ ತಡವಾದರೆ ಒಳಗೆ ಬಿಡುವುದಿಲ್ಲ ಎಂದು ಪರೀಕ್ಷೆಯವರು ಕಳಿಸಿದ ಕಾಗದದಲ್ಲಿತ್ತು. ಇನ್ನು ಹೇಳಿದರೆ ಸತ್ತವಳ ಮುಂದೆ ಸುಳ್ಳು ಹೇಳಿದ ಹಾಗೆ. ವೇಣಿ ಬರೀ ಕೈಮುಗಿದಳು. ಹನ್ನೊಂದರ ಹೊತ್ತಿಗೆ ನರಸಪ್ಪ ಎಡೆಯನ್ನು ಹಸುವಿಗೆ ಹಾಕಿಸಿದ.

ಸಂಜೆ ನೆಂಟರು ಕರಗಿದರು. ಮುನಿರಾಜು ಮೆಟ್ಟಿಲ ಮೇಲೆ ಕೂತಿದ್ದ, ಬೆಳಿಗ್ಗೆ ಬೋಳಿಸಿದ ತಲೆಯನ್ನು ಪದೇ ಪದೇ ಸವರಿಕೊಳ್ಳುತ್ತಿದ್ದ. ಅವಳು ಕಾಫಿ ತಂದಿಟ್ಟು ಹೊರಡುವಾಗ ಕೇಳಿದ.

"ಅಮ್ಮ ನಿನ್ ಜೊತೇಲೇ ಇರ್ತಿದ್ಲು. ಏನಾದ್ರೂ ಆಸೆ ಇತ್ತಾ ಅವ್ಳಿಗೆ? ನಿಂಗೇನಾದ್ರೂ ಹೇಳಿದ್ಲಾ?"

ಇಲ್ಲ ಎನ್ನಬೇಕೆಂದಿದ್ದಳು. ಅವನ ದನಿ ಕೇಳಿ ಆಗಲಿಲ್ಲ. ಒಂದು ಮೆಟ್ಟಿಲು ಕೆಳಗೆ ಕೂತು, ಹುಡುಗ ಬಿಟ್ಟುಹೋದ ಪುಸ್ತಕದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮಧ್ಯಾಹ್ನಗಳನ್ನು ಹೇಳಿದಳು, ಫೀಸು ಹೇಳಿದಳು, ಅಮಾವಾಸ್ಯೆ ಹೇಳಿದಳು. ಮುನಿರಾಜು ತಲೆ ಸವರಿಕೊಳ್ಳುವುದನ್ನು ನಿಲ್ಲಿಸಿ ಕೇಳಿದ.

"ಎಷ್ಟೊತ್ತಿಗಿತ್ತು?"

"ಹತ್ತಕ್ಕೆ."

"ನಾವು ಕಾಗೆ ಕಾಯ್ತಾ ನಿಂತಿದ್ವಲ್ಲ, ಆಗ." ಅವನು ಕಾಫಿಯನ್ನು ಪಕ್ಕಕ್ಕಿಟ್ಟ. "ಬೆಳಿಗ್ಗೆ ಒಂದ್ ಮಾತು ಹೇಳೋದಲ್ವಾ ವೇಣಿ? ಚಿಕ್ಕಪ್ಪಂಗೆ ನಾನೇ ಹೇಳಿ, ಬೈಕಲ್ಲಿ ಕರ್ಕೊಂಡೋಗಿ ಬಿಟ್ಬರ್ತಿದ್ದೆ. ನಾನೇನ್ ಬೇಡ ಅಂತಿದ್ನಾ?"

ವೇಣಿ ತಲೆ ಎತ್ತಿ ಅವನ ಮುಖ ನೋಡಿದಳು. ಅತ್ತು ಅತ್ತು ಊದಿದ ಕಣ್ಣು, ಬೋಳು ತಲೆ. ನಿಜವಾಗಿ ಬಿಟ್ಟು ಬರುತ್ತಿದ್ದನೋ, ಎಲ್ಲ ಮುಗಿದ ಮೇಲೆ ಹೇಳುವುದು ಸುಲಭ ಎಂದು ಹೇಳುತ್ತಿದ್ದಾನೋ, ಹದಿನಾರು ವರ್ಷ ಸಂಸಾರ ಮಾಡಿದರೂ ಅವಳಿಗೆ ತಿಳಿಯಲಿಲ್ಲ. ಅತ್ತೆಗಾದರೆ ಆ ಮುಖ ನೋಡಿದ ಕೂಡಲೇ ತಿಳಿಯುತ್ತಿತ್ತು. ಸುಳ್ಳಾಗಿದ್ದರೆ ಒಂದು ಸಂಕಟ. ನಿಜವಾಗಿದ್ದರೆ, ಎಂಟು ತಿಂಗಳು ಬಚ್ಚಿಟ್ಟದ್ದೆಲ್ಲ ಯಾತಕ್ಕೆ? ಅದು ಇನ್ನೂ ದೊಡ್ಡ ಸಂಕಟ. ಮೂರು ದಿನದಿಂದ ಬಾರದ ಅಳು ಆಗ ಬಂತು.

"ನೀವು ಹೇಳ್ತಿರೋದು ನಿಜಾನಾ ಅಂತ ಇನ್ ಯಾರನ್ನ ಕೇಳ್ಲಿ ರೀ," ಎಂದಳು.