ಪಿನ್ನಿಗಾರು ಕಲಿಸಿದ ಆಟದ ಮಾತುಗಳು

ಹೋದ ಭಾನುವಾರ ನಿಮ್ಮಮ್ಮ ಅಂಗಡಿಯಿಂದ ತಂದ ಆವಕಾಯಿ ಉಪ್ಪಿನಕಾಯಿಯ ಬಾಟಲಿ ತೆರೆದಳು. ಹಸಿ ಸಾಸಿವೆಪುಡಿಯ ಘಾಟು ಮೂಗಿಗೆ ಹತ್ತಿತು. ಅದೇ ಹೊತ್ತಿಗೆ ಒಳಕೋಣೆಯಲ್ಲಿ ನೀವಿಬ್ಬರೂ ಮೊಬೈಲು ಹಿಡಿದು ಕೂಗಾಡುತ್ತಿದ್ದಿರಿ. ಒಬ್ಬ ‘ನೂಬ್’ ಎಂದ. ಇನ್ನೊಬ್ಬಳು ‘ಕ್ಯಾಂಪರ್, ಕ್ಯಾಂಪರ್’ ಎಂದು ಚೀರಿದಳು. ಕಡೆಗೆ ಇಬ್ಬರೂ ‘ಜೀಜೀ’ ಎಂದು ಸುಮ್ಮನಾದಿರಿ. ನಾನು ಅರ್ಥ ಕೇಳಿದೆ. ನೂಬ್ ಅಂದರೆ ಆಟ ಬಾರದ ಹೊಸಬ, ಕ್ಯಾಂಪರ್ ಅಂದರೆ ಒಂದೇ ಕಡೆ ಅಡಗಿ ಕೂತವನು, ಜೀಜೀ ಅಂದರೆ ಒಳ್ಳೆಯ ಆಟವಾಯಿತು ಎಂದು, ಅಂತ ಹೇಳಿಕೊಟ್ಟಿರಿ. “ನಿಮ್ಮ ಕಾಲದಲ್ಲಿ ಇಂಥ ಮಾತು ಇದ್ವಾ ಅಜ್ಜಿ?” ಎಂದು ಕೇಳಿದಿರಿ.

ಇದ್ದವು. ಆದರೆ ಕೂತು ಹೇಳುವುದು ನನಗೆ ಬರುವುದಿಲ್ಲ. ನಾಲ್ಕು ಜನರ ಮುಂದೆ ಮಾತಾಡಬೇಕಾದರೆ ನನ್ನ ನಾಲಿಗೆ ಈಗಲೂ ಒಣಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಿಮ್ಮ ತಾತನಿಗೆ ಬ್ಯಾಂಕಿನಲ್ಲಿ ಕೆಲಸ. ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಅವರಿಗೆ ವಿಜಯವಾಡಕ್ಕೆ ವರ್ಗವಾಯಿತು. ಒನ್ ಟೌನ್ ಎನ್ನುವ ಹಳೇ ಪೇಟೆಯ ಒಂದು ಇಕ್ಕಟ್ಟು ಬೀದಿಯಲ್ಲಿ ನಮಗೆ ಎರಡು ಕೋಣೆಯ ಮನೆ ಸಿಕ್ಕಿತು. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ತೆಲುಗು ಬಾರದು. ತರಕಾರಿಯವನು ಬಂದರೆ ಬಾಗಿಲ ಹಿಂದಿನಿಂದಲೇ ಬೆರಳು ತೋರಿಸುತ್ತಿದ್ದೆ.

ಪಕ್ಕದ ಮನೆಯಲ್ಲಿದ್ದವರನ್ನು ಬೀದಿಯವರೆಲ್ಲ ಪಿನ್ನಿಗಾರು ಎನ್ನುತ್ತಿದ್ದರು. ಪಿನ್ನಿ ಎಂದರೆ ಚಿಕ್ಕಮ್ಮ. ಅರವತ್ತರ ಹತ್ತಿರದ ವಯಸ್ಸು, ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳು ವಿಶಾಖಪಟ್ಟಣದಲ್ಲಿ. ಪ್ರತಿ ಬೇಸಿಗೆಯಲ್ಲೂ ಬೀದಿಯ ಮನೆಮನೆಗೂ ಆವಕಾಯಿ ಹಾಕಿಕೊಡುವುದೇ ಅವರ ಕಸುಬು. ಮಾವಿನಕಾಯಿಯನ್ನು ಓಟೆಯ ಸಮೇತ ಕತ್ತರಿಸಿ, ಒಂದೊಂದು ಹೋಳನ್ನೂ ಒರೆಸಿ, ಒಳಗಿನ ತೆಳು ಪೊರೆ ಬಿಡಿಸಿ ಹಾಕುತ್ತಿದ್ದರು. ಅವರ ಜಾಡಿಯಲ್ಲಿ ಒಂದು ಕೂದಲು ಸಿಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಆ ಹೆಸರಿನ ಮೇಲೇ ಅವರ ಬದುಕು ನಡೆಯುತ್ತಿತ್ತು.

ಮಧ್ಯಾಹ್ನ ಊಟವಾದ ಮೇಲೆ, ನಾಲ್ಕು ಗಂಟೆಗೆ ನಲ್ಲಿಯಲ್ಲಿ ನೀರು ಬರುವವರೆಗೆ, ಅವರ ಪಡಸಾಲೆಯಲ್ಲಿ ಆಟ. ಒಂದು ದಿನ ನನ್ನ ಬಾಗಿಲಿಗೆ ಬಂದು ಕೈ ಹಿಡಿದು ಎಳೆದುಕೊಂಡೇ ಹೋದರು. “ಏಮ್ಮಾ ಅಮ್ಮಾಯಿ, ಒಳಗೇ ಕೂತು ಉಪ್ಪಿನಕಾಯಿ ಆಗ್ತೀಯಾ? ಬಾ, ನಾಲ್ಕನೇ ಕೈ ಬೇಕು.” ಅವರು ಆಡಿದ್ದು ತೆಲುಗು, ಅಮ್ಮಾಯಿ ಎಂದರೆ ಹುಡುಗಿ. ನಾನು ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೆಂಪು ಗಾರೆಯ ನೆಲದ ಮೇಲೆ ಸೀಮೆಸುಣ್ಣದಿಂದ ಐದು ಸಾಲು, ಐದು ಮನೆ ಬರೆದಿದ್ದರು. ನೋಡಿದ ಕೂಡಲೇ ನನಗೆ ಜೀವ ಬಂತು. ಅದು ನಮ್ಮ ಚೌಕಾಬಾರ! ನಮ್ಮಲ್ಲಿ ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಅವರಲ್ಲಿ ನಾಲ್ಕಕ್ಕೆ ಚಮ್ಮ, ಎಂಟಕ್ಕೆ ಅಷ್ಟ. ಆಟದ ಹೆಸರೂ ಅಷ್ಟಾಚಮ್ಮ. ಕಾಯಿ ಹೊರಸುತ್ತು ಮುಗಿಸಿ, ಒಳಸುತ್ತು ಮುಗಿಸಿ, ನಡುಮನೆ ಸೇರಿದರೆ ನಮ್ಮಲ್ಲಿ ಹಣ್ಣಾಯಿತು ಎನ್ನುತ್ತೇವೆ, ಅವರಲ್ಲಿ ಪಂಡಿಂದಿ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ದಾರಿಯಿಲ್ಲ ಎನ್ನುವ ಕಟ್ಟುಪಾಡು ಎರಡೂ ಕಡೆ ಒಂದೇ.

ಇವು ಎಲ್ಲರಿಗೂ ಗೊತ್ತಿರುವ ಮಾತುಗಳು. ಆ ಪಡಸಾಲೆಯಲ್ಲಿ ಹುಟ್ಟಿದವು ಬೇರೆಯೇ ಇದ್ದವು.

ನಿಮ್ಮ ನೂಬಿಗೆ ಅಲ್ಲಿ ‘ಕೊತ್ತ ಕೋಡಲು’ ಎನ್ನುತ್ತಿದ್ದರು, ಹೊಸ ಸೊಸೆ. ಅತ್ತೆ ಮನೆಯಲ್ಲಿ ಯಾವ ಡಬ್ಬಿಯಲ್ಲಿ ಏನಿದೆ ಎಂದು ತಿಳಿಯದೆ ತಡಕಾಡುವವಳು. ಮೊದಲ ಆರು ತಿಂಗಳು ನನಗೆ ಅದೇ ಹೆಸರು. ನಿಮ್ಮ ಕ್ಯಾಂಪರಿಗೆ ‘ಬಾಲಿಂತ’, ಅಂದರೆ ಬಾಣಂತಿ. ಗುಣಿಸು ಗುರುತು ಹಾಕಿದ ಕಟ್ಟೆಮನೆಯಲ್ಲಿರುವ ಕಾಯನ್ನು ಯಾರೂ ಕಡಿಯುವಂತಿಲ್ಲ, ಹೆದರಿ ಅಲ್ಲೇ ಕೂತವಳನ್ನು “ಹತ್ತನೇ ದಿನದ ನೀರು ಹಾಕ್ಕೊಂಡ್ಯಾ? ಮಗು ಹಾಲು ಕುಡಿತಾ?” ಎಂದು ರೇಗಿಸುತ್ತಿದ್ದರು. ಎರಡು ಕಾಯಿ ಜೋಡಿಯಾಗಿ ನಿಂತು ಹಿಂದಿನವರ ದಾರಿ ತಡೆದರೆ ‘ಬ್ಯಾರೇಜು’. ಕೃಷ್ಣೆಗೆ ಅಡ್ಡ ಕಟ್ಟಿದ್ದನ್ನು ದಿನಾ ನೋಡುವ ಊರಿನವರಿಗೆ ಬೇರೆ ಹೆಸರು ತೋಚುತ್ತಿತ್ತೇ? ಎಚ್ಚರವಿಲ್ಲದೆ ಎದುರಾಳಿಯ ಬಾಯಿಗೇ ಕಾಯಿ ನಡೆಸಿದರೆ ‘ವಾಯನ’, ಮುತ್ತೈದೆಗೆ ಮೊರದ ಬಾಗಿನ ಕೊಟ್ಟಂತೆ. ನಾನು ವಾಯನ ಕೊಟ್ಟಷ್ಟು ಯಾರೂ ಕೊಟ್ಟಿಲ್ಲ. ದೊಡ್ಡವರ ಕಾಯಿ ಕಡಿಯಲು ನನಗೆ ಸಂಕೋಚ, ಹಾಗಾಗಿ ಹೊರಸುತ್ತಿನಲ್ಲೇ ಸುತ್ತುತ್ತಿದ್ದೆ.

ಇನ್ನೊಂದು ಮಾತು ‘ದೊಂಗ ಪಂಡು’, ಕಳ್ಳ ಹಣ್ಣು. ಬಿದ್ದ ಕವಡೆಯ ಲೆಕ್ಕವನ್ನು, ಅಂದರೆ ಗರವನ್ನು, ತಪ್ಪಾಗಿ ಹೇಳಿ ಕಾಯಿಯನ್ನು ಹಣ್ಣು ಮಾಡಿಕೊಳ್ಳುವುದು. ಎಸೆದವರೇ ಗರ ಹೇಳಿ, ಎಸೆದವರೇ ಕವಡೆ ಬಾಚಿಕೊಳ್ಳುವುದು ಅಲ್ಲಿಯ ರೂಢಿ. ಆದ್ದರಿಂದ ಅದು ಎಲ್ಲಕ್ಕಿಂತ ಕೆಟ್ಟ ಬೈಗುಳ.

ಆದರೆ ಯಾವ ಬೈಗುಳವೂ ಮನೆಗೆ ಬರುತ್ತಿರಲಿಲ್ಲ. ನಲ್ಲಿಯಲ್ಲಿ ನೀರಿನ ಸದ್ದಾದ ಕೂಡಲೇ ಸೋತವರು ಒದ್ದೆಬಟ್ಟೆಯಿಂದ ನೆಲದ ಗೆರೆ ಒರೆಸಬೇಕು. ಒರೆಸುವಾಗ ಪಿನ್ನಿಗಾರು “ಆಟ ಮಾಟ ನೇಲಕೇ” ಎನ್ನುತ್ತಿದ್ದರು, ಆಟದ ಮಾತು ನೆಲಕ್ಕೇ ಸೇರಲಿ ಎಂದು. ಅಲ್ಲಿಗೆ ಎಲ್ಲ ಮುಗಿಯಿತು. ಕೊಡ ಹಿಡಿದು ಒಟ್ಟಿಗೆ ನಲ್ಲಿಯ ಬಳಿ ನಿಲ್ಲುತ್ತಿದ್ದೆವು.

ಎರಡನೆಯ ಬೇಸಿಗೆ ಇರಬೇಕು… ಒಂದು ಬೆಳಿಗ್ಗೆ ನಾನು ಅವರ ಹಿತ್ತಲಿಗೆ ಹೋದೆ. ಅವರು ಮಾವಿನ ಹೋಳುಗಳನ್ನು ಮಡಿಲಲ್ಲಿಟ್ಟುಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಒಂದೊಂದನ್ನೂ ಹೆಬ್ಬೆರಳಿನಿಂದ ಸವರಿ ಪೊರೆ ಹುಡುಕುತ್ತಿದ್ದರು. ನಾನು ಅವರೆದುರಿಗೇ ಹೋಗಿ ನಿಂತೆ. “ಯಾರು?” ಎಂದರು. ನನ್ನ ದನಿ ಕೇಳಿದ ಮೇಲೆ ಕೈಯಲ್ಲಿದ್ದ ಹೋಳನ್ನು ಕೆಳಗಿಟ್ಟು, “ನೋಡಿದೆಯಾ? ನೋಡಿದ್ದನ್ನ ನುಂಗಿಬಿಡು ಅಮ್ಮಾಯಿ. ಈ ಬೇಸಿಗೆ ಜಾಡಿಗಳು ಮನೆ ಸೇರಲಿ, ಆಮೇಲೆ ನಾನೇ ಎಲ್ಲರಿಗೂ ಹೇಳಿ ಡಾಕ್ಟರ ಹತ್ತಿರ ಹೋಗ್ತೀನಿ. ಕಣ್ಣು ಕಾಣದವಳ ಉಪ್ಪಿನಕಾಯಿ ಯಾರು ತಿಂತಾರೆ?” ಎಂದರು. ನಾನು ಆಗಲಿ ಎಂದೆ. ಅವರು ಹಾಕಿದ ಹೋಳುಗಳನ್ನು ನಾನೇ ಇನ್ನೊಮ್ಮೆ ನೋಡಿದೆ. ಒಂದರಲ್ಲೂ ಪೊರೆ ಉಳಿದಿರಲಿಲ್ಲ.

ಆಗ ನನಗೆ ಆಟದ ಸಂಗತಿಯೂ ಹೊಳೆಯಿತು. ಕವಡೆ ಎಸೆದ ಮೇಲೆ ಅವರು ಬಾಚುವ ನೆಪದಲ್ಲಿ ಅಂಗೈಯಿಂದ ಸವರಿ, ಆಮೇಲೆ ಗರ ಹೇಳುತ್ತಿದ್ದರು. ಸವರುವಾಗ ಒಮ್ಮೊಮ್ಮೆ ಕವಡೆ ಹೊರಳುತ್ತಿತ್ತು. ಮೂರು ಬಿದ್ದದ್ದು ನಾಲ್ಕಾಗುತ್ತಿತ್ತು.

ಆ ವಾರದಲ್ಲಿ ಹೀಗೆ ಎರಡು ಸಲ ಆಯಿತು. ನಮ್ಮ ಜೊತೆ ಆಡುತ್ತಿದ್ದವರಲ್ಲಿ ಒಬ್ಬರು ಎದುರುಮನೆಯ ಬಟ್ಟೆ ವ್ಯಾಪಾರಿಯ ಹೆಂಡತಿ, ಇನ್ನೊಬ್ಬರು ಶಾಲೆಗೆ ರಜೆಯಾದ್ದರಿಂದ ಬರುತ್ತಿದ್ದ ಟೀಚರಮ್ಮ. ಮೂರನೆಯ ಸಲ ಪಿನ್ನಿಗಾರು “ಚಮ್ಮ!” ಎಂದು ಕಡೆಯ ಕಾಯಿಯನ್ನು ನಡುಮನೆಗೆ ಇಡಲು ಹೋದಾಗ ವ್ಯಾಪಾರಿಯ ಹೆಂಡತಿ ಅವರ ಮುಂಗೈ ಹಿಡಿದುಕೊಂಡರು.

“ತಡೀರಿ ಪಿನ್ನಿಗಾರೂ. ಬಿದ್ದಾಗ ಮೂರೇ. ನಾನು ಕಣ್ಣಾರೆ ಕಂಡೆ. ನಿಮ್ಮ ಕೈ ಹೋದ ಮೇಲೆ ನಾಲ್ಕಾಯ್ತು.”

“ಅಯ್ಯೋ, ದೊಂಗ ಪಂಡು!” ಎಂದು ಟೀಚರಮ್ಮ ನಕ್ಕರು.

“ನಗೋದಲ್ಲ ಟೀಚರಮ್ಮಾ. ಇದು ಮೂರನೇ ಸಲ. ಈ ವಯಸ್ಸಿಗೆ ಕಳ್ಳಾಟ ಬೇಕಿತ್ತಾ?”

ಪಿನ್ನಿಗಾರು ಕೋಪ ಮಾಡಿಕೊಳ್ಳಲಿಲ್ಲ. “ಹೌದಮ್ಮಾ, ದೊಂಗನೇ. ಸಿಕ್ಕಿಬಿದ್ದೆ. ಸೋತೆ ಅಂತಿಟ್ಕೋ” ಎಂದು ಒದ್ದೆಬಟ್ಟೆಗಾಗಿ ಕೈಚಾಚಿದರು. ಅವರ ಲೆಕ್ಕ ನನಗೆ ಈಗ ಅರ್ಥವಾಗುತ್ತದೆ. ಕಳ್ಳಿ ಎನ್ನುವ ಮಾತು ಗೆರೆಯ ಜೊತೆ ಅಳಿಸಿಹೋಗುತ್ತದೆ. ನಾಲ್ಕು ಗಂಟೆಗೆ ನೀರು ಬಂದರೆ ಮುಗಿಯಿತು.

ನನಗೆ ಅಂದು ಅದು ಅರ್ಥವಾಗಲಿಲ್ಲ. ಅಂಥವರನ್ನು ಕಳ್ಳಿ ಎಂದರಲ್ಲ ಎಂದು ಮೈಯೆಲ್ಲ ಉರಿಯಿತು. ಎರಡು ವರ್ಷದಲ್ಲಿ ಆ ಪಡಸಾಲೆಯಲ್ಲಿ ಒಂದು ಪೂರ್ತಿ ವಾಕ್ಯ ಆಡದವಳು, ಅಂದು ತಪ್ಪಿಲ್ಲದ ತೆಲುಗಿನಲ್ಲಿ, ಗಟ್ಟಿಯಾಗಿ ಹೇಳಿಬಿಟ್ಟೆ: “ಅವರು ಕಳ್ಳಿ ಅಲ್ಲ. ಅವರಿಗೆ ಕಣ್ಣು ಕಾಣೋದಿಲ್ಲ.”

ಪಿನ್ನಿಗಾರು ನನ್ನ ಕಡೆ ತಿರುಗಲೂ ಇಲ್ಲ. ಬಗ್ಗಿ ನೆಲ ಒರೆಸಿದರು. ಒರೆಸಿ ಎದ್ದಾಗ ಒಂದು ಮಗ್ಗುಲಿನ ಎರಡು ಸಾಲು ಗೆರೆ ಹಾಗೇ ಉಳಿದಿತ್ತು. ಎಲ್ಲರೂ ಆ ಗೆರೆಗಳನ್ನೇ ನೋಡುತ್ತ ಕೂತೆವು. ಅಂದು ಅವರು “ಆಟ ಮಾಟ ನೇಲಕೇ” ಎನ್ನಲಿಲ್ಲ.

ಬೀದಿಯವರು ಕೆಟ್ಟವರಲ್ಲ. ಎಲ್ಲರೂ ಬಂದು ವಿಚಾರಿಸಿದರು, ಹಾಲು ತಂದುಕೊಟ್ಟರು, ಕನಕದುರ್ಗಮ್ಮನ ಕುಂಕುಮ ತಂದು ಹಚ್ಚಿದರು. ಆದರೆ ಉಪ್ಪಿನಕಾಯಿ ಹಾಕಲು ಕೊಟ್ಟಿದ್ದ ತಮ್ಮ ತಮ್ಮ ಜಾಡಿ ಮಾತ್ರ ಒಂದೊಂದಾಗಿ ವಾಪಸ್ಸು ತೆಗೆದುಕೊಂಡು ಹೋದರು. ತವರಿನಿಂದ ಬರುತ್ತದೆ ಎಂದರು, ಈ ವರ್ಷ ಮಕ್ಕಳಿಗೆ ಖಾರ ಆಗುವುದಿಲ್ಲ ಎಂದರು… ಕತ್ತರಿಸಿಟ್ಟ ಹೋಳುಗಳು ಕಪ್ಪಾದವು. ನಾನು ಎರಡು ಜಾಡಿ ಹಾಕಿಸಿಕೊಂಡೆ. ಅವರು ಹಾಕಿಕೊಟ್ಟರು, ಮಾತಾಡಲಿಲ್ಲ. ತಿಂಗಳೊಳಗೆ ಮಗಳು ಬಂದು ವಿಶಾಖಪಟ್ಟಣಕ್ಕೆ ಕರೆದುಕೊಂಡು ಹೋದಳು. ಆ ಮನೆಗೆ ಬೇರೆಯವರು ಬಂದರು.

ಮೂರು ವರ್ಷದ ಮೇಲೆ ನಮಗೂ ಅದೇ ಊರಿಗೆ ವರ್ಗವಾಯಿತು. ವಿಳಾಸ ನನ್ನಲ್ಲಿತ್ತು. ಆದರೂ ಹೋಗಲು ನಾಲ್ಕು ತಿಂಗಳು ಹಿಡಿಯಿತು. ನಿಮ್ಮ ತಾತ ಅನಕಾಪಲ್ಲಿಯಿಂದ ತಂದ ಬೆಲ್ಲದ ಅಚ್ಚು ಕಟ್ಟಿಕೊಂಡು ಒಬ್ಬಳೇ ಬಸ್ಸು ಹತ್ತಿದೆ.

ಪಿನ್ನಿಗಾರು ದಪ್ಪ ಕನ್ನಡಕ ಹಾಕಿಕೊಂಡು ಬಾಗಿಲು ತೆರೆದರು. ಹೆಸರು ಹೇಳಿದೆ. ದನಿ ಗುರುತು ಹಿಡಿದು, ಕೆನ್ನೆ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದರು.

“ಅಬ್ಬೋ, ಇಷ್ಟು ಕಪ್ಪಾ ನೀನು! ಆ ದನಿ ಕೇಳಿ ಬೆಣ್ಣೆ ಥರ ಇದ್ದೀಯ ಅಂದ್ಕೊಂಡಿದ್ದೆ. ಮೋಸ ಮಾಡಿದೆ ಕಣೇ.”

ಇಬ್ಬರೂ ನಕ್ಕೆವು. ಒಂದು ಕಣ್ಣಿಗೆ ಆಪರೇಷನ್ ಚೆನ್ನಾಗಿ ಆಗಿತ್ತು. ಇನ್ನೊಂದಕ್ಕೆ ತಡವಾಗಿತ್ತು. ಇನ್ನೂ ಒಂದು ಬೇಸಿಗೆ ಬಿಟ್ಟಿದ್ದರೆ ಎರಡೂ ಹೋಗುತ್ತಿದ್ದವು ಎಂದು ಮಗಳು ನನ್ನ ಹತ್ತಿರ ಹೇಳಿದಳು. ಮೆಣಸಿನಪುಡಿಯ ಹತ್ತಿರ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರಂತೆ. ಆ ಮನೆಯಲ್ಲೂ ಅಂಗಡಿಯ ಉಪ್ಪಿನಕಾಯಿ.

ಕಾಫಿ ಕುಡಿದ ಮೇಲೆ ನಾನು ತಲೆ ತಗ್ಗಿಸಿ, “ಅವತ್ತು ನಾನು…” ಎಂದೆ. ಅವರು ಮುಂದುವರಿಸಲು ಬಿಡಲಿಲ್ಲ.

“ನೀನು ಸುಳ್ಳು ಹೇಳಲಿಲ್ಲ ಅಮ್ಮಾಯಿ. ಒಳ್ಳೇದಕ್ಕೇ ಹೇಳಿದೆ, ಕಣ್ಣೂ ಬಂತು. ಆದರೆ ಅದು ನಾನು ಹೇಳಬೇಕಾದ ಮಾತು. ನನ್ನ ಬಾಯಿಂದ ಬಂದಿದ್ದರೆ, ಕಣ್ಣು ಸರಿಮಾಡಿಸಿಕೊಂಡು ಬಂದು ಮತ್ತೆ ಜಾಡಿ ಇಡ್ತೀನಿ ಅಂತಾನೂ ಹೇಳ್ತಿದ್ದೆ.”

ಸಿಟ್ಟಿಲ್ಲದೆ ಹೇಳಿದರು. ಬೆಲ್ಲದ ಅಚ್ಚನ್ನು ಒಳಗಿಟ್ಟು ಬಂದು ಬಸ್ಸಿನವರೆಗೂ ಜೊತೆಗೆ ನಡೆದರು. ಆಮೇಲೆ ಎರಡು ಮೂರು ಸಲ ಹೋಗಿದ್ದೆ. ನಾವು ಊರಿಗೆ ಮರಳಿದ ಮೇಲೆ ಅವರು ಹೋದ ಸುದ್ದಿ ಮಗಳ ಕಾಗದದಲ್ಲಿ ಬಂತು. ತಿಥಿಯೂ ಮುಗಿದಿತ್ತು.

ಈಗ ನನ್ನ ಎಡಗಣ್ಣಿಗೂ ಪೊರೆ ಬಂದಿದೆ. ನಿಮ್ಮಿಬ್ಬರಲ್ಲಿ ಒಬ್ಬರು ಗಮನಿಸಿದ್ದೀರಿ; ಮೊನ್ನೆ ನಾನು ತಟ್ಟೆಯ ಪಕ್ಕದಲ್ಲಿ ಮಜ್ಜಿಗೆ ಸುರಿದಾಗ ಸದ್ದಿಲ್ಲದೆ ಒರೆಸಿ, ಯಾರಿಗೂ ಹೇಳದೆ ಎದ್ದು ಹೋದಿರಿ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ನಾನೇ ನಿಮ್ಮಪ್ಪನಿಗೆ ಹೇಳಿದೆ. ನಾಲಿಗೆ ಒಣಗಿತ್ತು, ಆದರೂ ಹೇಳಿದೆ. ಬುಧವಾರ ಆಸ್ಪತ್ರೆಗೆ ಹೋಗಬೇಕು. ಹೇಳಿ ಎದ್ದ ಮೇಲೆ, ಇದನ್ನು ಪಿನ್ನಿಗಾರಿಗೆ ತಿಳಿಸಬೇಕು ಎನ್ನಿಸಿತು. ತಿಳಿಸಲು ಅವರಿಲ್ಲ.