ಸದ್ದು ಅಕ್ಕನದು, ಕೈ ತಂಗಿಯದು

ಒಂದು ಚಿತ್ರ. ಕಪ್ಪು ಬಟ್ಟೆ ಹಾಸಿದ ಹಲಗೆ. ಎಡಗಡೆಯ ಕಿಟಕಿಯಿಂದ ಅದರ ಮೇಲೆ ಇಳಿಯುವ ಬೆಳಕು. ಬೆಳಕು ಮೊದಲು ಮುಟ್ಟುವುದು ಮರದ ಬಾಚಣಿಗೆಯೊಂದರ ಬೆನ್ನನ್ನು. ಜೇನಿನ ಬಣ್ಣದ ಆ ಬೆನ್ನಿನ ಮೇಲೆ ಮರದ ಎಳೆಗಳು, ನಿಂತ ನೀರಿನ ಮೇಲೆ ಗಾಳಿ ಬಿಟ್ಟುಹೋದ ಗುರುತಿನಂತೆ ಮಲಗಿವೆ. ಹಲ್ಲುಗಳ ನೆರಳು ಬಟ್ಟೆಯ ಮೇಲೆ ಇನ್ನೊಂದು ಬಾಚಣಿಗೆಯಾಗಿ ಬಿದ್ದಿದೆ. ಬಾಚಣಿಗೆಯ ಎರಡು ತುದಿಗಳನ್ನು ಎರಡು ಕೈಗಳು ಹಿಡಿದಿವೆ. ನೀಳವಾದ ಬೆರಳು, ಕಲೆಯಿಲ್ಲದ ಚರ್ಮ, ಬುಡದಲ್ಲಿ ಬಿಳಿಯ ಅರ್ಧಚಂದ್ರ ಮೂಡಿದ ಉಗುರು. ಬಲಗೈಯ ಮಣಿಕಟ್ಟಿನ ಮೇಲೆ ಚಿಟಿಕೆಯಷ್ಟು ಮರದ ಪುಡಿ, ಯಾರೋ ಹದ ನೋಡಿ ಉದುರಿಸಿದಂತೆ. ಕೆಳಗೊಂದು ಸಾಲು: 'ಈ ಕೈಗಳು ಕೊಯ್ದದ್ದು.'

ಈ ಕೈಗಳು ಕೊಯ್ದದ್ದಲ್ಲ.

ಆಳೆತ್ತರದ ಬಟ್ಟೆಯ ಮೇಲೆ ಅಚ್ಚಾದ ಆ ಚಿತ್ರ ಈಗ ಸುರುಳಿ ಸುತ್ತಿಕೊಂಡು ಕೋಣೆಯ ಮೂಲೆಗೆ ಒರಗಿದೆ. ಬೆಳಗಿನ ತಿಂಡಿಯಾದ ಮೇಲೆ ಅದು ಊರಿನ ಕುಶಲಕರ್ಮಿಗಳ ಸಮಾವೇಶಕ್ಕೆ ಹೋಗಬೇಕು. ಅದರಿಂದ ಒಂದು ಮಾರು ದೂರದಲ್ಲಿ, ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತಿನಲ್ಲಿ, ಬಾಚಣಿಗೆ ಕೊಯ್ಯುವ ಅಕ್ಕ ಕೆಲಸಕ್ಕೆ ಕೂತಿದ್ದಾಳೆ. ಮರದ ತುಂಡೊಂದು ಹಲಗೆಗೆ ಬಿಗಿದ ಇಕ್ಕಳದ ಬಾಯಲ್ಲಿ ನೆಟ್ಟಗೆ ನಿಂತಿದೆ. ಅವಳ ಗರಗಸಕ್ಕೆ ಒಂದರ ಪಕ್ಕ ಒಂದು, ಎರಡು ಅಲಗು. ಒಂದು ಅಲಗು ಆಳಕ್ಕಿಳಿದು ಹಲ್ಲು ಕೊಯ್ಯುತ್ತದೆ. ಇನ್ನೊಂದು, ಮೇಲೆ ಮೇಲೆ ಗೀರಿ, ಮುಂದಿನ ಹಲ್ಲಿನ ಜಾಗ ತೋರಿಸುತ್ತದೆ. ತೋರಿಸುವ ಅಲಗು ಯಾವತ್ತೂ ಸವೆಯುವುದಿಲ್ಲ. "ಕೊಯ್ಯೋದನ್ನೇ ಮತ್ತೆಮತ್ತೆ ಮಸೀಬೇಕು" ಎನ್ನುತ್ತಾಳೆ ಅಕ್ಕ, ತಲೆಯೆತ್ತದೆ.

ಬೀದಿಯವರು ಅವಳನ್ನು ಕರೆಯುವುದು 'ಹಲ್ಲಿನ ಡಾಕ್ಟ್ರು' ಎಂದು. ಹಾಲು ಹಾಕಲು ಬರುವವನು ದಿನವೂ ಕಿಟಕಿಯಲ್ಲಿ ಇಣುಕಿ ಅದೇ ಹಳೆಯ ತಮಾಷೆ ಮಾಡುತ್ತಾನೆ: "ಡಾಕ್ಟ್ರೇ, ನನ್ನ ದವಡೇದೂ ಒಂದು ನೋಡಿಬಿಡಿ!" ಅವಳೂ ದಿನವೂ ಅದೇ ಉತ್ತರ ಕೊಡುತ್ತಾಳೆ: "ನಿನ್ನ ಬಾಯಿಗೆ ಈ ಗರಗಸ ಸಾಲಲ್ಲ, ಮರ ಸೀಳೋದು ತರಿಸ್ಬೇಕು." ದಿನಕ್ಕೆ ಏಳೋ ಎಂಟೋ ಬಾಚಣಿಗೆ ಅವಳ ಕೈ ದಾಟುತ್ತವೆ. ಕೊಯ್ದು, ಅರದಿಂದ ಹಲ್ಲಿನ ಮೊನೆ ಮೊಂಡು ಮಾಡಿ, ಒರಟು ಬಟ್ಟೆಯಿಂದ ತಿಕ್ಕಿ, ಎಣ್ಣೆ ಸವರಿ, ಕೊನೆಗೆ ತನ್ನ ಮಣಿಕಟ್ಟಿನ ಒಳಮೈ ಮೇಲೆ ಒಮ್ಮೆ ಎಳೆದು ನೋಡುತ್ತಾಳೆ. ಅಲ್ಲಿ ಗೀರು ಬಿದ್ದರೆ ಅದು ಮತ್ತೆ ಅರದ ಕೆಳಗೆ. ಹಾಗೆ ಬಿದ್ದ ಗೀರುಗಳು ಒಂದರ ಮೇಲೊಂದು ಕೂತು, ಆ ಜಾಗದ ಚರ್ಮ ಹಳೆಯ ಪತ್ರದ ಮಡಿಕೆಯ ಬಣ್ಣ ತಾಳಿದೆ.

ಎಡಗೈ ತೋರುಬೆರಳಿಗೆ ತುದಿಯಿಲ್ಲ. ಅಪ್ಪ ಹಾಸಿಗೆ ಹಿಡಿದ ವರ್ಷ ಅವನಿಗೆ ಓಗೊಟ್ಟು ತಿರುಗಿದಾಗ ಅದು ಗರಗಸಕ್ಕೆ ಹೋಯಿತು. ಅಲಗಿಗೆ ದಾರಿ ತೋರುತ್ತ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಮತ್ತೆ ಕೂಡಿಕೊಳ್ಳಲೇ ಇಲ್ಲ. ಎಣ್ಣೆ ಮತ್ತು ಮರದ ಕಂದು ಗೆರೆಗೆರೆಗೂ ಇಳಿದಿದೆ. ಎಷ್ಟು ತೊಳೆದರೂ ಹೋಗದು. ತುಂಡು ಬೆರಳನ್ನು ತೋರಿಸಿ ಅವಳೇ ನಗುತ್ತಾಳೆ: "ಇದೊಂದೇ ನಾನು ಕೊಯ್ದಿದ್ರಲ್ಲಿ ಅರ ಹಾಕದೆ ಬಿಟ್ಟಿದ್ದು."

ಕಸುಬು ಅಪ್ಪನದು. ಅಪ್ಪ ಕಲಿಸಿದ್ದು ದೊಡ್ಡವಳಿಗೆ ಮಾತ್ರ. ಚಿಕ್ಕವಳಿಗೆ ಮರದ ಪುಡಿ ಮೂಗಿಗೆ ತಾಕಿದರೆ ಸಾಕು, ಸೀನು ನಿಲ್ಲುತ್ತಿರಲಿಲ್ಲ. ಅವಳನ್ನು ಓದಲು ಕಳಿಸಿದರು. ಅಂಗಡಿಗಳಲ್ಲಿ ಪ್ಲಾಸ್ಟಿಕ್ ಬಾಚಣಿಗೆ ತುಂಬಿಕೊಂಡ ಮೇಲೆ ಅಕ್ಕ ಬಸ್ ನಿಲ್ದಾಣದ ಪಕ್ಕದ ಕಾಲುದಾರಿಯಲ್ಲಿ ಬಟ್ಟೆ ಹಾಸಿ ಕೂತಳು. ಅಲ್ಲಿ ನಿಂತು ನೋಡಿದವರೇ ಹೆಚ್ಚು. "ಕೆಲವರು ತಗೊಂಡು, ತಲೆ ಬಾಚ್ಕೊಂಡು, ಚೆನ್ನಾಗಿದೆ ಅಂತ ವಾಪಸ್ ಇಟ್ಟು ಹೋಗೋರು. ಬೋಳುತಲೆಯೋನೊಬ್ಬ ಮಾತ್ರ ಎರಡು ತಗೊಂಡ. ಅವನೊಬ್ಬ ನಿಜವಾದ ರಸಿಕ."

ಕಸುಬು ಉಸಿರು ಬಿಡುವ ಹೊತ್ತಿಗೆ ಅದನ್ನು ಹಿಡಿದು ನಿಲ್ಲಿಸಿದವಳು ತಂಗಿ. ಈ ಮಾತನ್ನು ಅಕ್ಕನೇ ಮೊದಲು ಹೇಳುತ್ತಾಳೆ, ಬೇರೆಯವರು ಹೇಳುವ ಮೊದಲೇ. ಬಟ್ಟೆ ಅಂಗಡಿಯ ಕೆಲಸ ಹೋಗಿ ಮನೆಗೆ ಬಂದ ತಂಗಿಯ ಬಳಿ ಇದ್ದದ್ದು ಒಂದು ಮೊಬೈಲು ಮತ್ತು ಯಾರನ್ನಾದರೂ ಎರಡೇ ಮಾತಿನಲ್ಲಿ ತನ್ನವರನ್ನಾಗಿ ಮಾಡಿಕೊಳ್ಳುವ ಗುಣ. ಇಂಟರ್ನೆಟ್ಟಿನಲ್ಲಿ ಬಾಚಣಿಗೆಗೊಂದು ಪುಟ ತೆರೆದಳು. ತಿಂಗಳಿಗೊಮ್ಮೆ ಸೇರುವ ಸಣ್ಣ ಉದ್ಯಮಿಗಳ ಕೂಟಕ್ಕೆ ಹೋಗಿ, ಕಾಲು ನೋಯುವ ತನಕ ನಿಂತು, ಸಾಬೂನು ಮಾಡುವವಳಿಗೂ ಮಡಕೆ ಮಾಡುವವನಿಗೂ ವಿಸಿಟಿಂಗ್ ಕಾರ್ಡು ಹಂಚಿ, ಅವರ ಮಕ್ಕಳ ಪರೀಕ್ಷೆ ಯಾವಾಗೆಂದು ನೆನಪಿಟ್ಟುಕೊಂಡು ವಿಚಾರಿಸಿದಳು. ಅವರು ಇವಳ ಪುಟವನ್ನು ಶೇರ್ ಮಾಡಿದರು, ಇವಳು ಅವರದನ್ನು. ಸಂದೇಶಗಳಿಗೆ ಉತ್ತರ ಕುಟ್ಟಿ ಕುಟ್ಟಿ ಅವಳ ಹೆಬ್ಬೆರಳಿಗೂ ನೋವು ಹಿಡಿದಿದೆ. ಅಕ್ಕನೇ ಎಣ್ಣೆ ತಿಕ್ಕುತ್ತಾಳೆ. "ನಾಲ್ಕು ಜನರ ಕಣ್ಣಿಗೆ ಬೀಳ್ದಿದ್ರೆ ಸರಕೂ ಒಂದೇ, ಕಸಾನೂ ಒಂದೇ ಅಕ್ಕಾ" ಎಂಬುದು ತಂಗಿಯ ಸಿದ್ಧಾಂತ. ಅದು ಸುಳ್ಳೆಂದು ಅಕ್ಕ ಯಾವತ್ತೂ ವಾದಿಸಿಲ್ಲ.

ಮೊದಲು ಹಾಕಿದ ಚಿತ್ರದಲ್ಲಿದ್ದದ್ದು ಅಕ್ಕನ ಕೈ. ಕೆಳಗೆ ಯಾರೋ ಬರೆದರು: 'ಬಾಚಣಿಗೆ ಸೂಪರ್. ಹಿಡ್ಕೊಂಡಿರೋದು ಮನುಷ್ಯರಾ, ದೆವ್ವಾನಾ?' ಅದರ ಕೆಳಗೆ ನಗುವ ಮುಖಗಳ ಸಾಲು. ತಂಗಿ ಅಳಿಸಿಹಾಕಲು ಹೋದಳು. ತಡೆದವಳು ಅಕ್ಕನೇ. "ನಾನು ಜೋರಾಗಿ ನಕ್ಕುಬಿಟ್ಟೆ" ಎಂದು ನೆನೆಯುತ್ತಾಳೆ. "ಹೌದಲ್ವೇನೇ, ತಲೆ ಬಾಚೋ ಸಾಮಾನಿಗೆ ಈ ಕೈ ಯಾಕೆ, ನಿಂದೇ ಇಡೇ ಅಂದೆ. ನಾನೇ ಅಂದಿದ್ದು. ಯಾರೂ ನನ್ನ ಬಾಯಿಂದ ಕಿತ್ಕೊಳ್ಳಲಿಲ್ಲ." ಒಂದು ನಗೆಗಾಗಿ ಮುಂದೆ ತೀರಿಸಬೇಕಾದ ಸಾಲ ಎಷ್ಟು ದೊಡ್ಡದೆಂದು ನಗುವಾಗ ತಿಳಿಯುವುದಿಲ್ಲ.

ಅಂದಿನಿಂದ ಚಿತ್ರಗಳಲ್ಲಿ ತಂಗಿಯ ಕೈ. ಆಮೇಲೆ ವಿಡಿಯೋ. ತಂಗಿ ಸೀನು ಬಿಗಿಹಿಡಿದು, ಮೊದಲೇ ಕೊಯ್ದಿಟ್ಟ ಸಂದಿನಲ್ಲಿ ಗರಗಸವನ್ನು ಮೆಲ್ಲಗೆ ಹಿಂದೆಮುಂದೆ ಆಡಿಸುತ್ತಾಳೆ. ಖಾಲಿ ಸಂದಿನಲ್ಲಿ ಆಡುವ ಗರಗಸಕ್ಕೆ ಸದ್ದಿಲ್ಲ. ಆದ್ದರಿಂದ ಚೌಕಟ್ಟಿನ ಆಚೆ, ಒಂದು ಗೇಣು ದೂರದಲ್ಲಿ, ಅಕ್ಕ ನಿಜವಾದ ಮರವನ್ನು ಕೊಯ್ಯುತ್ತಿರುತ್ತಾಳೆ. ಸದ್ದು ಅಕ್ಕನದು, ಕೈ ತಂಗಿಯದು. ಆ ಸದ್ದು ಕೇಳಿದರೆ ನಿದ್ದೆ ಬರುತ್ತದೆ, ಮನಸ್ಸು ತಣ್ಣಗಾಗುತ್ತದೆ ಎಂದು ಊರೂರಿನ ಅಪರಿಚಿತರು ಬರೆಯುತ್ತಾರೆ. 'ಎಂಥ ಕೈಗಳು! ಕೈಯಲ್ಲ, ಕವಿತೆ' ಎಂದೂ ಒಬ್ಬರು ಬರೆದಿದ್ದಾರೆ. ತಂಗಿ ಅದನ್ನು ಓದಿ ಹೇಳಿದಾಗ ಅಕ್ಕ ಕೇಳಿದ್ದು ಒಂದೇ: "ಬಾಚಣಿಗೆ ಬಗ್ಗೆ ಏನಾದ್ರೂ ಬರೆದಿದ್ದಾರಾ?"

ಹೋದ ತಿಂಗಳು ದೊಡ್ಡ ಮಳಿಗೆಯೊಂದಕ್ಕೆ ಸರಕು ಆರಿಸುವ ಹೆಂಗಸು ಸಂದೇಶ ಕಳಿಸಿದಳು: ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕು, ಬರುತ್ತೇನೆ. ತಂಗಿಯ ಮುಖ ಬಿಳಿಚಿತು. ಉಪಾಯ ಹೇಳಿದವಳೂ ಅವಳೇ: "ಅಕ್ಕಾ, ಪೂರ್ತಿ ಕೊಯ್ದು ಎರಡೇ ಹಲ್ಲು ಬಾಕಿ ಬಿಡು. ಆ ಎರಡನ್ನ ನಾನು ಕೊಯ್ದು ತೋರಿಸ್ತೀನಿ." ಅಕ್ಕ ಒಪ್ಪಿದಳು. ತಂಗಿಯ ಬೆನ್ನ ಹಿಂದೆ ನಿಂತು, ಅವಳ ಕೈಯ ಮೇಲೆ ತನ್ನ ಕೈಯಿಟ್ಟು, ಅಪ್ಪ ತನಗೆ ಕಲಿಸಿದಂತೆ ದಿನಾ ಸಂಜೆ ಕಲಿಸಿದಳು. ಆ ಸಂಜೆಗಳ ಬಗ್ಗೆ ಮಾತ್ರ ಅವಳ ಮಾತಿನಲ್ಲಿ ಕಹಿಯಿಲ್ಲ. "ಸೀನ್ತಾ ಸೀನ್ತಾ ಕಲಿತ್ಲು ಪಾಪ. ಕಣ್ಣಲ್ಲೆಲ್ಲ ನೀರು."

ಹೆಂಗಸು ಬಂದಳು, ಕೂತಳು, ನೋಡಿದಳು. ತಂಗಿ ಎರಡು ಹಲ್ಲು ಕೊಯ್ದಳು. ನೀರಿನ ಲೋಟ ಹಿಡಿದು ಅಕ್ಕ ಒಳಗಿನಿಂದ ಬಂದಾಗ ಹೆಂಗಸು 'ಇವರು?' ಎಂಬಂತೆ ಹುಬ್ಬೇರಿಸಿದಳು. ತಂಗಿ ಥಟ್ಟನೆ ಹೇಳಿದಳು: "ಇವರು ನಮ್ಮಲ್ಲಿ ಸಹಾಯಕ್ಕೆ ಇರೋರು."

ಅಕ್ಕ ಈ ಮಾತನ್ನು ಹೇಳುವಾಗ ಗರಗಸ ನಿಲ್ಲುತ್ತದೆ. "ಇವರು ಅಂದ್ಲು. ಹುಟ್ಟಿದಾಗಿಂದ ನನ್ನ ಮಡಿಲಲ್ಲಿ ಬೆಳೆದೋಳು, ಒಂದು ದಿನಾನೂ 'ನೀನು' ಬಿಟ್ಟು ಬೇರೆ ಅಂದೋಳಲ್ಲ. ಬೈದಿದ್ರೆ ಇಷ್ಟು ನೋವಾಗ್ತಿರ್ಲಿಲ್ಲ. ಮರ್ಯಾದೆ ಕೊಟ್ಬಿಟ್ಲು ನೋಡಿ."

ಅಷ್ಟಕ್ಕೇ ಮುಗಿದಿದ್ದರೆ ಮುಗಿಯುತ್ತಿತ್ತು. ಹೊರಡುವಾಗ ಹೆಂಗಸು, ತನ್ನ ಕಣ್ಣೆದುರೇ ಕೊಯ್ದ ಆ ಬಾಚಣಿಗೆಯನ್ನೇ ನೆನಪಿಗೆ ಒಯ್ಯುತ್ತೇನೆಂದು ಕೈಗೆತ್ತಿಕೊಂಡಳು. ಅಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ. ಮುಂದೆ ಬಂದು ಅದನ್ನು ಅವಳ ಕೈಯಿಂದ ತೆಗೆದುಕೊಂಡಳು. "ಇದು ಬೇಡಮ್ಮಾ. ಈ ಕೊನೇ ಎರಡು ಹಲ್ಲಿಗೆ ಕೂದಲು ಸಿಕ್ಕಿಕೊಳ್ಳುತ್ತೆ. ಬೇರೆ ಕೊಡ್ತೀನಿ." ಹೆಂಗಸು ಬಾಚಣಿಗೆಯನ್ನು ನೋಡಲಿಲ್ಲ. ಅದನ್ನು ಹಿಡಿದ ಕೈಯನ್ನು ನೋಡಿದಳು: ಸೀಳಿದ ಉಗುರು, ತುಂಡು ಬೆರಳು, ಕಂದು ಗೆರೆಗಳು. ಕೋಣೆಯಲ್ಲಿ ಎಲ್ಲರಿಗೂ ಎಲ್ಲವೂ ತಿಳಿದುಹೋಯಿತು.

ಬಾಗಿಲ ಬಳಿ ಅವಳು ತಂಗಿಗೆ ಹೇಳಿದ್ದು ಅಕ್ಕನ ಕಿವಿಗೆ ಬಿತ್ತು. "ನನಗೆ ಅರ್ಥವಾಯ್ತು. ಪರವಾಗಿಲ್ಲ, ಸರಕು ತಗೋತೀನಿ. ಆದ್ರೆ ಈಗ ಹೇಗಿದೆಯೋ ಹಾಗೇ ನಡೀಲಿ. ಜನ ಒಂದು ಸಲ ಒಂದು ಕೈಯನ್ನ ನಂಬಿದ ಮೇಲೆ ಅದನ್ನ ಬದಲಾಯಿಸಬಾರದು."

ಸಿಕ್ಕಿಬಿದ್ದರೆ ಸುಳ್ಳು ಸಾಯುತ್ತದೆ ಎಂದುಕೊಂಡಿದ್ದಳು ಅಕ್ಕ. ಸಿಕ್ಕಿಬಿದ್ದ ಮೇಲೂ ಅದಕ್ಕೆ ಇರಲೊಂದು ಮನೆ ಸಿಕ್ಕಿತು. ಮಳಿಗೆಯ ಮಾತಿನ ಮೇಲೆ ಇವತ್ತಿನ ಸಮಾವೇಶದಲ್ಲಿ ತಂಗಿಗೆ ವೇದಿಕೆಯ ಮೇಲೆ ಮಾತಾಡುವ ಅವಕಾಶವೂ ಬಂದಿದೆ. ವಿಷಯ: 'ನನ್ನ ಕೈ, ನನ್ನ ಕಸುಬು.'

ಅಂದಿನ ಆ ಬಾಚಣಿಗೆ ಎಲ್ಲೂ ಹೋಗಲಿಲ್ಲ. ಗೋಡೆಯ ಮೊಳೆಗೆ ತೂಗುಹಾಕಿದ ಕನ್ನಡಿಯ ಹಿಂದೆ ಅಕ್ಕ ಸಿಕ್ಕಿಸಿಟ್ಟಿದ್ದಾಳೆ; ದಿನವೂ ತಲೆ ಬಾಚಿಕೊಳ್ಳುವುದು ಅದರಿಂದಲೇ. ಕೊನೆಯ ಎರಡು ಹಲ್ಲು ಬಂದಾಗಲೆಲ್ಲ ಕೂದಲು ಸಿಕ್ಕಿಕೊಂಡು ಚುರ್ರೆನ್ನುತ್ತದೆ. "ಅವಳು ಕೊಯ್ದಿದ್ದು ಅಂತ ಇರೋದು ಇವೆರಡೇ ಹಲ್ಲು. ಎಸೆಯೋಕಾಗುತ್ತಾ?"

ಪತ್ರಿಕೆಯ ಈ ಪುಟಕ್ಕೊಂದು ಫೋಟೋ ಬೇಕೆಂದಾಗ ಅವಳ ಎರಡೂ ಕೈ ತಾವಾಗಿಯೇ ಮಡಿಲಿಗೆ ಹಾಸಿಕೊಂಡ ಚರ್ಮದ ಹೊದಿಕೆಯ ಕೆಳಗೆ ಸರಿಯುತ್ತವೆ. "ಮಹಡಿಯಿಂದ ತಂಗಿ ಇಳಿದು ಬರ್ಲಿ ಇರಿ. ಅವಳ ಕೈ ಚೆನ್ನಾಗಿದೆ." ಹೇಳಿದ ಮೇಲೆ ಏನು ಹೇಳಿದೆನೆಂದು ಹೊಳೆದು, ಕೈಗಳನ್ನು ಮತ್ತೆ ಹೊರಗೆ ತೆಗೆಯುತ್ತಾಳೆ. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಮೊಸರು ಇಬ್ರೂ ತಿಂತಾ ಇದೀವಿ, ಅದರಲ್ಲಿ ತಕರಾರಿಲ್ಲ. ಕೆಸರೂ ತನ್ನದೇ ಅಂತಾಳಲ್ಲ, ಅದೊಂದು ಬಿಟ್ಕೊಡ್ಲಿ." ಇದನ್ನು ಪತ್ರಿಕೆಯಲ್ಲಿ ಬರೆದರೆ ಸಾಲದೇ ಎಂದರೆ ತಲೆಯಾಡಿಸುತ್ತಾಳೆ. "ನೀವು ಬರೆದ್ರೆ ನೀವು ಹೇಳಿದ್ದಾಗುತ್ತೆ. ಅವಳು ಹೇಳ್ಬೇಕು."

ಮೆಟ್ಟಿಲಿನ ಮೇಲೆ ಹೆಜ್ಜೆಯ ಸದ್ದು. ತಂಗಿ ಇಳಿದು ಬರುತ್ತಾಳೆ. ಇಸ್ತ್ರಿ ಮಾಡಿದ ಬಟ್ಟೆ, ಕೈಗೆ ಹಚ್ಚಿದ ಯಾವುದೋ ಕ್ರೀಮಿನ ನವಿರಾದ ಪರಿಮಳ, ಮೂಗಿಗೆ ಒತ್ತಿಹಿಡಿದ ಕರವಸ್ತ್ರ. ಅಕ್ಕ ಬಟ್ಟೆಯಲ್ಲಿ ಸುತ್ತಿದ ಬಾಚಣಿಗೆಗಳ ಚೀಲವನ್ನು ಅವಳ ಹೆಗಲಿಗೆ ಏರಿಸುತ್ತಾಳೆ. ಚಿತ್ರದ ಸುರುಳಿಯನ್ನೂ ತಾನೇ ತಂದು ಕಂಕುಳಿಗೆ ಕೊಡುತ್ತಾಳೆ.

"ಅಲ್ಲಿ ಒಂದು ಮಾತು ಹೇಳ್ತೀಯೇನೇ?"

"ಏನಕ್ಕಾ?"

"ಮಾಡೋಳು ನಮ್ಮಕ್ಕ ಅಂತ. ಅಷ್ಟೇ. ಕೈ ತೋರಿಸ್ಬೇಡ, ಏನೂ ಬೇಡ."

ತಂಗಿ ಚೀಲದ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತಾಳೆ. ಅದು ಸರಿಯಾಗಿಯೇ ಇತ್ತು. "ಆ ಮಳಿಗೆಯವರು ಮುಂದಿನ ಸಾಲಲ್ಲೇ ಕೂತಿರ್ತಾರೆ ಅಕ್ಕಾ." ಮತ್ತೆ, ಏನೋ ಕೊಟ್ಟು ಸಮಾಧಾನ ಮಾಡುವವಳಂತೆ: "ವಿಡಿಯೋ ಹಾಕ್ತೀನಲ್ಲ, ಸಭೆ ತುಂಬ ನಿನ್ನ ಸದ್ದೇ ಇರುತ್ತೆ."

"ಸದ್ದಿಗೆ ಮುಖ ಇರಲ್ಲ ಕಣೇ."

ತಂಗಿಗೆ ಸೀನು ಬರುತ್ತದೆ. ಒಂದಾದ ಮೇಲೆ ಒಂದು. ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತದೆ. ಅದು ಮರದ ಪುಡಿಯ ನೀರೋ ಬೇರೆಯದೋ, ಇಬ್ಬರೂ ವಿಚಾರಿಸುವುದಿಲ್ಲ. "ನೋಡೋಣ ಅಕ್ಕಾ" ಎಂದು ಹೊರಗೆ ಕಾಲಿಡುತ್ತಾಳೆ. ಅಕ್ಕ ಮರಳಿ ಕೂತು ಇಕ್ಕಳವನ್ನು ಬಿಗಿಮಾಡುತ್ತಾಳೆ. ಗರಗಸವನ್ನು ಮಾತ್ರ ಇನ್ನೂ ಎತ್ತಿಕೊಂಡಿಲ್ಲ. ಹೊಸ್ತಿಲ ಸಂದಿನಲ್ಲಿ ಪುಡಿ ಕೂತು, ಆ ಬಾಗಿಲು ಯಾವತ್ತೂ ಒಂದೇ ಏಟಿಗೆ ಹಾಕಿಕೊಳ್ಳುವುದಿಲ್ಲ; ಒಮ್ಮೆ ಎಳೆದರೆ ಬೆರಳು ತೂರುವಷ್ಟು ತೆರೆದೇ ಉಳಿಯುತ್ತದೆ. ಆ ಸಂದಿನಲ್ಲಿ ಒಂದು ಕ್ಷಣ ತಂಗಿಯ ಕೈ ಕಾಣುತ್ತದೆ, ಚಿತ್ರದಲ್ಲಿದ್ದಷ್ಟೇ ಚೆಂದವಾಗಿ. ಆಮೇಲೆ ಅವಳು ಹೊರಗಿನಿಂದ ಇನ್ನೊಮ್ಮೆ ಎಳೆಯುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತದೆ.